ಅಮೃತಬಳ್ಳಿ ಫಾರ್ವರ್ಡು, ನೀರಗುಳ್ಳಿ ಜಗಳ

ಗುಂಪು: ಹೈಸ್ಕೂಲ್ ಹಳೇ ಮಂದಿ, ಬಾಗಲಕೋಟೆ

ಬಸು, ಔಷಧ ಅಂಗಡಿ, ಇಳಕಲ್ಲ:
[ಫಾರ್ವರ್ಡ್] "ಬಾಯಲ್ಲಿ, ಮೈಮೇಲೆ ನೀರುಗುಳ್ಳೆ ಏಳುವುದು ರೋಗನಿರೋಧಕ ಶಕ್ತಿ ಕುಸಿದ ಲಕ್ಷಣ. 48 ದಿನ ಅಮೃತಬಳ್ಳಿ ಕಷಾಯ ಕುಡಿಯಿರಿ, ಗೋಧಿ ಬಿಡಿ, ಸ್ಟಿರಾಯ್ಡ್ ಇಂದೇ ನಿಲ್ಲಿಸಿ. ಎಲ್ಲ ಗುಂಪಿಗೂ ಕಳಿಸಿ."

ಶೈಲಾ, ಚರ್ಮದ ಡಾಕ್ಟರ್, ಬೆಳಗಾವಿ:
ಇದನ್ನ ಮುಂದ ಕಳಸಬ್ಯಾಡ ಬಸು. ಇಂಥಾ ಗುಳ್ಳಿ ಏಳಸೋ ಒಂದು ರೋಗ ಪೆಂಫಿಗಸ್. ಪೆಂಫಿಗಸ್‌ನ್ಯಾಗ ಶಕ್ತಿ ಕುಸಿದಿರಂಗಿಲ್ಲ, ಗುರಿ ತಪ್ಪಿರತೈತಿ. ಚರ್ಮದ ಮ್ಯಾಲಿನ ಪದರಿನ ಜೀವಕೋಶ ಒಂದಕ್ಕೊಂದು ಹಿಡಕೊಂಡಿರೋದು ಡೆಸ್ಮೊಗ್ಲೀನ್ ಅನ್ನೋ ಪ್ರೋಟೀನಿಂದ. ಅದರ ವಿರುದ್ಧ ನಮ್ಮವೇ ಬಿ ಜೀವಕೋಶ (ರಕ್ತದ ಒಂದು ತರದ ಬಿಳಿಕಣ) ಐಜಿಜಿ ಅನ್ನೋ ಪ್ರತಿಕಾಯ, ಅಂದ್ರ ಆಂಟಿಬಾಡಿ, ಹುಟ್ಟಸ್ತಾವ. ಹಿಡಿತ ಬಿಟ್ಟಲ್ಲಿ ನೀರು ತುಂಬತೈತಿ. ಬಾಯಾಗ ಡೆಸ್ಮೊಗ್ಲೀನ್ 3ರದ್ದ ಆಟ, ಅದಕ್ಕ ಬಹಳ ಮಂದಿಗೆ ಮೊದಲ ಬಾಯಿಹುಣ್ಣು. ಡೆಸ್ಮೊಗ್ಲೀನ್ 1ಕ್ಕೂ ಪ್ರತಿಕಾಯ ಬಂತಂದ್ರ ಮೈಮ್ಯಾಲೂ ಗುಳ್ಳಿ. ಅಲ್ಲೀತನಕ ಬಿ-ಕಾಂಪ್ಲೆಕ್ಸ್ ನುಂಗಕೋತ ಕುಂತಿರತಾರ.

ಬಸು:
ಪ್ರತಿಕಾಯ ರೋಗದ ಜೋಡಿ ಬಂದಿದ್ದೂ ಇರಬಹುದಲ್ಲ? ಅದ ಕಾರಣ ಅಂತ ಹೆಂಗ ಹೇಳ್ತಿ?

ಇರ್ಫಾನ್, ಲ್ಯಾಬ್, ವಿಜಯಪುರ:
1982ರಾಗ ರೋಗಿಗಳ ಐಜಿಜಿ ತಗದು ಆಗಷ್ಟ ಹುಟ್ಟಿದ ಇಲಿಮರಿಗೆ ಚುಚ್ಚಿ ನೋಡ್ಯಾರ. ಗುಳ್ಳಿ ಎದ್ದವು. ಬಸುರಿಗೆ ಪೆಂಫಿಗಸ್ ಇದ್ರ ಕೂಸಿಗೂ ಗುಳ್ಳಿ ಬರಬಹುದು, ತಾಯಿ ಕಡೆಯಿಂದ ಬಂದ ಪ್ರತಿಕಾಯ ಕರಗಿದಂಗ ಕೆಲವು ವಾರದಾಗ ತಾವ ಹೋಗತಾವ. ಆ ಕೂಸಿನ ನಿರೋಧಕ ಶಕ್ತಿ ಏನ್ ಪಾಪ ಮಾಡಿತ್ತು?

ಬಸು:
ಆತು. ಆದ್ರ ಈ ರೋಗಿಗಳು ಸಾಯೋದು ಸೋಂಕಿನಿಂದ. ಅದು ಶಕ್ತಿ ಕಡಿಮಿ ಅಲ್ಲೇನು? ಕಡಿಮಿ ಮಾಡಿದ್ದು ನಿಮ್ಮ ಸ್ಟಿರಾಯ್ಡ!

ಶೈಲಾ:
ಈಗ ಖರೆ ಮಾತಿಗೆ ಬಂದಿ. ಔಷಧದಿಂದ ಸೋಂಕು ಹೆಚ್ಚಾಗತೈತಿ, ಒಪ್ಪತೀನಿ. ಆದ್ರ ಸ್ಟಿರಾಯ್ಡ್ ಬರೋ ಮೊದಲ ಈ ರೋಗ ಬಂದವರಾಗ ಹೆಚ್ಚಿನವರು ಉಳೀತಿರಲಿಲ್ಲ. ಕಿತ್ತ ಚರ್ಮದಿಂದ ನೀರು, ಪ್ರೋಟೀನು ಸೋರತೈತಿ, ಸೋಂಕಿಗೆ ಬಾಗಿಲ ತೆರದಂಗ. ಪ್ರೆಡ್ನಿಸೋಲೋನ್ ಅನ್ನೋ ಸ್ಟಿರಾಯ್ಡ್ ದಿನಕ್ಕ ತೂಕದ ಕಿಲೋಕ್ಕ 0.5ರಿಂದ 1 ಮಿಗ್ರಾಂ, ಹೊಸ ಗುಳ್ಳಿ ನಿಂತು ಹಳೇವು ಮಾಯ್ದ ಮ್ಯಾಲ ಹಂತಹಂತವಾಗಿ ಇಳಸೋದು. "ಇಂದೇ ನಿಲ್ಲಿಸಿ" ಅನ್ನೋ ಸಾಲು ಎಲ್ಲಕ್ಕಿಂತ ಅಪಾಯದ್ದು. ಸ್ಟಿರಾಯ್ಡ್ ವಾರಗಟ್ಟಲೆ ಹೊರಗಿಂದ ಬಂದಾಗ, ಅದನ್ನ ಮೈಯಾಗ ತಯಾರಸೋ ಅಡ್ರಿನಲ್ ಗ್ರಂಥಿ ಕೆಲಸ ಬಿಟ್ಟಿರತೈತಿ. ಒಮ್ಮೆಲೆ ನಿಲ್ಲಿಸಿದ್ರ ವಾಂತಿ, ಬಿಪಿ ಇಳದು ಮನಷಾ ಕುಸಿತಾನ. ಇನ್ನ ಅಮೃತಬಳ್ಳಿ: ಕೋವಿಡ್ ಕಾಲದಾಗ ಅದನ್ನ ಕುಡದವರಿಗೆ ಲಿವರ್ ಕೆಟ್ಟದ್ದು ಮುಂಬೈದಿಂದ ವರದಿ ಆಗೈತಿ, ಅದೂ ಆಟೊಇಮ್ಯೂನ್ ಹೆಪಟೈಟಿಸ್ ತರಾನ, ಅಂದ್ರ ನಮ್ಮ ನಿರೋಧಕ ಶಕ್ತಿನ ಲಿವರ್ ಮ್ಯಾಲ ಬೀಳೋದು.

ಇರ್ಫಾನ್:
ಪೆಂಫಿಗಸ್‌ಗೆ ಹಾಕೋ ರಿಟುಕ್ಸಿಮ್ಯಾಬ್ ಇಂಜೆಕ್ಷನ್ ನೋಡ್ರಿ. 1 ಗ್ರಾಂ, 2 ವಾರ ಬಿಟ್ಟು ಮತ್ತ 1 ಗ್ರಾಂ. ಮೈಮ್ಯಾಲ ಸಿಡಿ20 ಅನ್ನೋ ಗುರುತಿನ ಪ್ರೋಟೀನ್ ಇರೋ ಬಿ ಜೀವಕೋಶ ಖಾಲಿ ಮಾಡತೈತಿ, ಗುಳ್ಳಿ ನಿಲ್ಲತಾವ. ಶಕ್ತಿ ಕಡಿಮಿಯಾಗಿ ಬಂದ ರೋಗ ಆಗಿದ್ರ ಅದರಿಂದ ಹೆಚ್ಚಾಗಬೇಕಿತ್ತು.

ಶೈಲಾ:
ಹಾಕಿದ ಮರುದಿನ ಗುಣ ಕೇಳಬ್ಯಾಡ್ರಿ ಮತ್ತ. ರಕ್ತದಾಗ ಮೊದಲ ಇದ್ದ ಐಜಿಜಿ ಅರ್ಧ ಆಗಾಕ ಸುಮಾರು 3 ವಾರ ಬೇಕು. ಹೆಪಟೈಟಿಸ್ ಬಿ ಪರೀಕ್ಷೆ ಆಗದ ಹಾಕಂಗಿಲ್ಲ, ಮಲಗಿದ್ದ ವೈರಸ್ ಏಳತೈತಿ.

ರೇಣುಕಾ, ನರ್ಸ್, ಜಮಖಂಡಿ:
ಚರ್ಮ ಚಾದರಕ್ಕ ಅಂಟಿ ಕೀಳತಿದ್ರ ಸ್ಟೆರೈಲ್ ಮಾಡಿದ ಬಾಳಿ ಎಲಿ ಹಾಸ್ರಿ. ಅಂಟಂಗಿಲ್ಲ. ಪ್ಲಾಸ್ಟರ್ ಪಟ್ಟಿ ನೇರ ಚರ್ಮಕ್ಕ ಹಚ್ಚಬ್ಯಾಡ್ರಿ, ತೆಗೆಯೋವಾಗ ಚರ್ಮಾನೂ ಬರತೈತಿ.

ಶೈಲಾ:
ಬಸು, ನಿನ್ನ ಅಂಗಡ್ಯಾಗ ಶುಗರ್ ಗುಳಗಿ ವಿಲ್ಡಾಗ್ಲಿಪ್ಟಿನ್ ಎಷ್ಟ ಹೋಗತೈತಿ? ವಯಸ್ಸಾದ ಶುಗರ್ ಪೇಶಂಟು ತಿಂಗಳಗಟ್ಟಲೆ ತುರಿಕಿ, ಆಮ್ಯಾಲ ಬಿಗಿ ಗುಳ್ಳಿ ಅಂದ್ರ ಬುಲ್ಲಸ್ ಪೆಂಫಿಗಾಯ್ಡ್ ನೆನಸು. ಅಲ್ಲಿ ಪ್ರತಿಕಾಯದ ಗುರಿ ಬಿಪಿ180 ಅನ್ನೋ ಪ್ರೋಟೀನು (ರಕ್ತದೊತ್ತಡದ ಬಿಪಿ ಅಲ್ಲ), ಚರ್ಮದ ಎರಡು ಪದರ ಕೂಡೋ ಜಾಗಾದಾಗಿನದು. ಗ್ಲಿಪ್ಟಿನ್ ಜಾತಿ ಗುಳಗಿ ಆ ರೋಗ ತರಬಲ್ಲದು. ತುರಿಕಿ ಮಲಾಮು ಕೊಟ್ಟು ಕಳಸಬ್ಯಾಡ, ಗುಳಗಿ ಬರದ ಡಾಕ್ಟರಿಗೆ ಹೇಳು.

ಬಸು:
ಇದು ನನಗ ಉಪಯೋಗ ಆಗೋ ಮಾತು. ಯಾವ ಗುಳ್ಳಿ ಯಾವುದಂತ ಹೆಂಗ ಗೊತ್ತಾಗತೈತಿ?

ಇರ್ಫಾನ್:
ಬಯಾಪ್ಸಿ, ಅಂದ್ರ ಚರ್ಮದ ತುಂಡು ತಗದು ಪರೀಕ್ಷೆ. ಎರಡು ತುಂಡು. ಒಂದು ಅದ ದಿನ ಎದ್ದ ಸಣ್ಣ ಗುಳ್ಳಿಯ ಅಂಚಿನದು, ತುಂಡು ಕೆಡದಂಗ ಇಡೋ ಫಾರ್ಮಲಿನ್‌ನ್ಯಾಗ. ಹಳೇ ಗುಳ್ಳಿ ಬ್ಯಾಡ, ತಳದಾಗ ಹೊಸ ಚರ್ಮ ಬೆಳದು ಯಾವ ಪದರ ಬಿಟ್ಟಿತ್ತಂತ ತಿಳಿಯಂಗಿಲ್ಲ. ಇನ್ನೊಂದು ಗುಳ್ಳಿ ಬಾಜೂಕಿನ ಚಲೋ ಚರ್ಮದ್ದು, 1 ಸೆಂಟಿಮೀಟರ್ ಒಳಗ. ಇದಕ್ಕ ಫಾರ್ಮಲಿನ್ ತಾಗಿಸಿದ್ರಿ ಅಂದ್ರ ಪ್ರತಿಕಾಯ ಕುಂತ ಜಾಗಾ ಹೊಳಿಸಿ ತೋರಸೋ ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆ ಮಣ್ಣಪಾಲು. ಇಂಥಾ ತುಂಡು ಕಳಸಾಕ ಬಳಸೋ ಮೈಕೆಲ್ಸ್ ದ್ರಾವಣದಾಗ ಹಾಕ್ರಿ. ಸಿಗಲಿಲ್ಲಂದ್ರ ನಾರ್ಮಲ್ ಸಲೈನ್, ಆದ್ರ 24 ತಾಸಿನಾಗ ಲ್ಯಾಬಿಗೆ ಮುಟ್ಟಬೇಕು. ಎರಡೂ ಡಬ್ಬಿಗೆ ಬ್ಯಾರೆ ಚೀಟಿ. ಜೀವಕೋಶಗಳ ನಡುವ ಮೀನ ಹಿಡಿಯೋ ಬಲಿಯಂಗ ಹೊಳದ್ರ ಪೆಂಫಿಗಸ್, ತಳದಾಗ ಗೆರಿ ಹೊಳದ್ರ ಪೆಂಫಿಗಾಯ್ಡ್. ಶನಿವಾರ ಸಂಜಿ ಸಲೈನ್‌ನ್ಯಾಗ ಕೊರಿಯರ್ ಹಾಕವರಿಗೆ ಕೈಮುಗೀತೀನಿ.

ಬಸು:
ಗೋಧಿ ಮಾತಾದ್ರೂ ಖರೆ ಐತೋ?

ಶೈಲಾ:
ಒಂದ ರೋಗಕ್ಕ, ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್. ಮೊಣಕೈ, ಮೊಣಕಾಲು, ಕುಂಡಿ ಮ್ಯಾಲ ಸಣ್ಣ ಗುಳ್ಳಿ, ತಡಿಲಾರದ ತುರಿಕಿ. ಗೋಧಿ ಗ್ಲುಟೆನ್‌ನಿಂದ ಐಜಿಎ ಅನ್ನೋ ಇನ್ನೊಂದು ತರದ ಪ್ರತಿಕಾಯ ಹುಟ್ಟತೈತಿ. ಪೆಂಫಿಗಸ್‌ಗೆ ಗೋಧಿ ಸಂಬಂಧ ಇಲ್ಲ.

ರೇಣುಕಾ:
ಹಂಗಾದ್ರ ನಮ್ಮ ಕಡೆ ಅವರಿಗೆ ತ್ರಾಸ ಇಲ್ಲ. ಜ್ವಾಳದ ರೊಟ್ಟಿ, ಸಜ್ಜಿ ರೊಟ್ಟಿ.

ಶೈಲಾ:
ಗಿರಣಿ ನೋಡಕೋಬೇಕು. ಗೋಧಿ ಬೀಸಿದ ಕಲ್ಲಿಗೇ ಜ್ವಾಳ ಹಾಕಿದ್ರ ಹಿಟ್ಟಿನಾಗ ಗ್ಲುಟೆನ್ ಬಂದ ಬರತೈತಿ. ಗೋಧಿ ಬಿಟ್ಟರೂ ಚರ್ಮ ತಿಳಿಯಾಗಾಕ ತಿಂಗಳುಗಳು ಹಿಡಿತಾವ, ಅಲ್ಲೀತನಕ ಡ್ಯಾಪ್ಸೋನ್ ಗುಳಗಿ. ಅದನ್ನ ಶುರು ಮಾಡೋ ಮೊದಲ ಜಿ6ಪಿಡಿ ಅನ್ನೋ ಕಿಣ್ವದ ರಕ್ತಪರೀಕ್ಷೆ ರಿಪೋರ್ಟ್ ಆಗಿರಬೇಕು, ಆ ಕಿಣ್ವ ಕಡಿಮಿ ಇದ್ದವರ ಕೆಂಪು ರಕ್ತಕಣ ಒಡದಹೋಗತಾವ. ಡ್ಯಾಪ್ಸೋನ್ ಚೀಟಿ ತಂದವರನ್ನ ಅದೊಂದು ಕೇಳು ಬಸು.