ಮಿಡಿ ಫೈಲ್ ಕೊಟ್ಟು "ಆರ್ಕೆಸ್ಟ್ರಾಗೆ ಬರೆದುಕೊಡು" ಅಂದಿದ್ದಾರೆ, ಏನೇನು ನೋಡಬೇಕು, ಎಷ್ಟು ಕೇಳಬೇಕು?

ಕೀಲಿಮಣೆ

ಎಲ್ಲರಿಗೂ ನಮಸ್ಕಾರ. ನಾನು ಕೀಬೋರ್ಡ್ ಪ್ರೋಗ್ರಾಮರ್. ಮೊದಲು ಗಣಪತಿ ಹಬ್ಬ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದೆ. ಈಗ ಬೆಂಗಳೂರಿನಲ್ಲಿ ಒಬ್ಬ ಸಂಗೀತ ನಿರ್ದೇಶಕರ ಹತ್ತಿರ ಬಿಜಿಎಂ ಪ್ರೋಗ್ರಾಮಿಂಗ್ ಮಾಡುತ್ತಿದ್ದೇನೆ. ಈ ಸಲ ಪ್ರೊಡ್ಯೂಸರ್ ಸ್ವಲ್ಪ ಕೈ ಬಿಚ್ಚಿದ್ದಾರೆ. ಕ್ಲೈಮ್ಯಾಕ್ಸಿಗೂ ಇನ್ನೆರಡು ಸೀನಿಗೂ ನಿಜವಾದ ಆರ್ಕೆಸ್ಟ್ರಾ ಇಡೋಣ ಅಂತ ಆಗಿದೆ. ಚೆನ್ನೈನಲ್ಲಿ ಮಾಡೋದಾ, ಹಂಗೇರಿಯ ಬುಡಾಪೆಸ್ಟ್‌ನವರ ಜೊತೆ ಆನ್‌ಲೈನ್ ಸೆಷನ್ ಮಾಡೋದಾ, ಅದಿನ್ನೂ ತೀರ್ಮಾನ ಆಗಿಲ್ಲ. ನಮ್ಮ ಸರ್ ಸೆಷನ್ ಫೈಲ್ ಕೈಗಿಟ್ಟು "ನೊಟೇಶನ್ ನೀನೇ ಮಾಡಿಬಿಡು, ಎಲ್ಲ ಅದರಲ್ಲೇ ಇದೆಯಲ್ಲ" ಅಂದರು.

ಮಿಡಿ (ಯಾವ ಕೀ ಯಾವಾಗ ಒತ್ತಿದೆ ಅನ್ನೋ ಡೇಟಾ) ಎಕ್ಸ್‌ಪೋರ್ಟ್ ಮಾಡಿ ಡೋರಿಕೋ ಅನ್ನೋ ನೊಟೇಶನ್ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿದೆ. ಒಂದು ಉದ್ದ ಸ್ವರ ಇರಬೇಕಾದ ಕಡೆ ಟೈ ಹಾಕಿದ ಚೂರುಪಾರು ನೋಟುಗಳು, ಮಧ್ಯೆ ಮಧ್ಯೆ ಬೇಡದ ರೆಸ್ಟ್‌ಗಳು. ಅದನ್ನು ಸರಿ ಮಾಡಿದರೆ ಕೆಲಸ ಮುಗಿಯಿತಾ, ಇನ್ನೂ ಏನಾದರೂ ಇದೆಯಾ? ಸ್ಟಾಫ್ ನೊಟೇಶನ್ ನನಗೆ ಬರುತ್ತದೆ, ಪಿಯಾನೋ ಗ್ರೇಡ್‌ಗಳನ್ನು ಮಾಡಿದ್ದೇನೆ. ಆದರೆ ಆರ್ಕೆಸ್ಟ್ರಾಗೆ ಅಂತ ಯಾವತ್ತೂ ಬರೆದಿಲ್ಲ.

ಇನ್ನೊಂದು ವಿಷಯ. ಇದಕ್ಕೆ ಬೇರೆ ದುಡ್ಡು ಕೇಳಬಹುದಾ, ಇಲ್ಲ ಪ್ರೋಗ್ರಾಮಿಂಗ್ ಪೇಮೆಂಟಿನಲ್ಲೇ ಸೇರಿಹೋಗುತ್ತದಾ? ಕೇಳೋಕೆ ಮುಜುಗರ, ಕೇಳದಿದ್ದರೆ ಹೊಟ್ಟೆಪಾಡು. ಗೊತ್ತಿದ್ದವರು ಹೇಳಿ.

ನಾಲ್ಕು_ಬಾರ್

"ಎಲ್ಲ ಅದರಲ್ಲೇ ಇದೆ" ಅನ್ನೋ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಅದರಲ್ಲಿ ಇರೋದು ಸ್ಯಾಂಪಲ್ ಲೈಬ್ರರಿಯಲ್ಲಿ (ನಿಜವಾದ ವಾದ್ಯಗಳನ್ನು ರೆಕಾರ್ಡ್ ಮಾಡಿಟ್ಟ ಸೌಂಡ್‌ಗಳಲ್ಲಿ) ಚೆನ್ನಾಗಿ ಕೇಳಿಸಲಿ ಅಂತ ಮಾಡಿದ ಸಂಗೀತ. ಅದನ್ನು ಕುರ್ಚಿ ಮೇಲೆ ಕೂತ ಮನುಷ್ಯರಿಗೆ ಹಂಚೋದು ನಿಮ್ಮ ಕೆಲಸ. ಕ್ವಾಂಟೈಸ್ ಮಾಡಿ (ಸ್ವರಗಳನ್ನು ತಾಳಕ್ಕೆ ಸರಿಯಾಗಿ ಕೂರಿಸಿ) ಕಸ ತೆಗೆಯೋದು ಶುರು ಅಷ್ಟೇ.

ಒಂದು ಉದಾಹರಣೆ ಕೊಡುತ್ತೇನೆ, ಇದು ಪ್ರತಿ ಫೈಲ್‌ನಲ್ಲೂ ಇರುತ್ತದೆ. ನಿಮ್ಮ ಸರ್ ಎರಡೂ ಕೈಯಲ್ಲಿ ಆರು ಸ್ವರದ ಕಾರ್ಡ್ ಒತ್ತಿರುತ್ತಾರೆ. ಲೈಬ್ರರಿಯಲ್ಲಿ ಒಂದೊಂದು ಕೀಗೂ 16 ವಯೊಲಿನ್ ರೆಕಾರ್ಡ್ ಆಗಿದೆ ಅಂದುಕೊಳ್ಳಿ, ಆರು ಕೀ ಒತ್ತಿದರೆ 96 ವಯೊಲಿನ್ ಒಟ್ಟಿಗೆ ಬಾರಿಸಿದ ಹಾಗಾಯಿತು. ಸೆಷನ್‌ಗೆ ಬರೋದು ಎಂಟೋ ಹತ್ತೋ ಜನ. ಅವರಿಗೇ ಆರು ಸ್ವರ ಹಂಚಿದರೆ ಒಂದೊಂದಕ್ಕೆ ಒಬ್ಬಿಬ್ಬರು ಸಿಗುತ್ತಾರೆ, ಸೌಂಡ್ ಬಡಕಲಾಗುತ್ತದೆ, ಆಗ ಎಲ್ಲರೂ "ಲೈವ್‌ಗಿಂತ ಡೆಮೋನೇ ಚೆನ್ನಾಗಿತ್ತು" ಅಂತ ಮುಖ ಮುಖ ನೋಡಿಕೊಳ್ಳುತ್ತಾರೆ. ಹಾಗಾಗಿ ಮೇಲಿನ ಸ್ವರ ಫಸ್ಟ್ ವಯೊಲಿನ್‌ಗೆ, ಅದರ ಕೆಳಗಿನದು ಸೆಕೆಂಡ್‌ಗೆ, ನಡುವಿನದು ವಯೋಲಾಗೆ, ಕೆಳಗಿನದು ಚೆಲ್ಲೋಗೆ, ಅದನ್ನೇ ಒಂದು ಆಕ್ಟೇವ್ ಕೆಳಗೆ ಬಾಸ್‌ಗೆ. ಉಳಿದ ಸ್ವರಗಳು ನಿಜವಾಗಿಯೂ ಬೇಕಾ ಅಂತ ಕೇಳಿಕೊಳ್ಳಿ. ಬೇಕಿದ್ದರೆ ಹಾರ್ನ್‌ಗೋ ಕ್ಲಾರಿನೆಟ್‌ಗೋ ಕೊಡಿ, ಇಲ್ಲದಿದ್ದರೆ ಬಿಟ್ಟುಬಿಡಿ. ಹಾಗೇ ವಯೊಲಿನ್ ಟ್ರ್ಯಾಕ್‌ನಲ್ಲಿ ಜಿ ತಂತಿಗಿಂತ ಕೆಳಗಿನ ಸ್ವರ ಇದೆಯಾ ಹುಡುಕಿ. ಎನ್ಸೆಂಬಲ್ ಪ್ಯಾಚ್‌ನಲ್ಲಿ (ಎಲ್ಲ ತಂತಿವಾದ್ಯ ಸೇರಿದ ಸೌಂಡ್‌ನಲ್ಲಿ) ನುಡಿಸಿದ್ದರೆ ಖಂಡಿತ ಇರುತ್ತದೆ, ಆ ಸ್ವರ ವಯೊಲಿನ್‌ನಲ್ಲಿ ಇಲ್ಲವೇ ಇಲ್ಲ.

ಹಾರ್ನ್‌ನವರು ಉಸಿರು ತಗೋಬೇಕು. ಕೀಬೋರ್ಡ್‌ನಲ್ಲಿ ಹನ್ನೆರಡು ಬಾರ್ ಒತ್ತಿ ಹಿಡಿದ ಪ್ಯಾಡನ್ನು ಹಾಗೇ ಬರೆದುಕೊಟ್ಟರೆ ಆಗಲ್ಲ, ಇಬ್ಬರಿಗೆ ಸರದಿ ಹಾಕಿ ಬರೆಯಿರಿ. ಫ್ಲೂಟ್ ಕೆಳಗಿನ ಸ್ಥಾಯಿಯಲ್ಲಿ ತುಂಬ ಮೆಲ್ಲಗಿನ ವಾದ್ಯ. ನೀವು ಫೇಡರ್ ಎತ್ತಿ ಅದನ್ನು ಟ್ರಂಪೆಟ್ ಮೇಲೂ ಕೇಳಿಸಿರುತ್ತೀರಿ, ಹಾಲ್‌ನಲ್ಲಿ ಒಟ್ಟಿಗೆ ನುಡಿಸಿದಾಗ ಅದು ಮಾಯ. ಆಮೇಲೆ ಕೀಬೋರ್ಡಿನ ಮಾಡ್‌ವೀಲ್ ಚಕ್ರ ತಿರುಗಿಸಿ ಮಾಡಿದ ಏರಿಳಿತ ಯಾವುದೂ ಪೇಪರಿಗೆ ಬರೋದಿಲ್ಲ. ಎಲ್ಲಿ ಮೆಲ್ಲಗೆ, ಎಲ್ಲಿ ಜೋರು, ಕ್ರೆಸೆಂಡೋ (ಮೆಲ್ಲಗೆ ಜೋರಾಗುತ್ತಾ ಹೋಗೋದು) ಯಾವ ಬೀಟ್‌ನಿಂದ ಯಾವ ಬೀಟ್‌ವರೆಗೆ, ಯಾವ ಸ್ವರಗಳು ಕಮಾನಿನ ಒಂದೇ ಎಳೆತದಲ್ಲಿ, ಎಲ್ಲ ನೀವೇ ಬರೆಯಬೇಕು. ಬರೆಯದಿದ್ದರೆ ಸೆಷನ್‌ನಲ್ಲಿ ಪ್ರಶ್ನೆ ಏಳುತ್ತದೆ. ಗಂಟೆಗೆ ನಾಲ್ಕೈದು ನಿಮಿಷದ ಸಂಗೀತ ಮುಗಿದರೆ ಅದು ಒಳ್ಳೆ ಸ್ಪೀಡು, ಅಂಥದ್ದರಲ್ಲಿ ಐದು ನಿಮಿಷ "ಇದು ಎಫ್ಫಾ, ಎಫ್ ಶಾರ್ಪಾ" ಅನ್ನೋದರಲ್ಲಿ ಹೋದರೆ ಪ್ರೊಡ್ಯೂಸರ್ ದುಡ್ಡು ಹೋದ ಹಾಗೆ.

ಸೀನಿನಲ್ಲಿ ಡೈಲಾಗ್ ಎಲ್ಲೆಲ್ಲಿದೆ ಅಂತ ಪಿಕ್ಚರ್ ಹಾಕಿಕೊಂಡೇ ನೋಡಿ. ಹೀರೋ ದನಿ ಇರೋ ಸ್ಥಾಯಿಯಲ್ಲೇ ಚೆಲ್ಲೋ ಮೆಲೊಡಿ ಓಡುತ್ತಿದ್ದರೆ, ಫೈನಲ್ ಮಿಕ್ಸ್‌ನಲ್ಲಿ ಕೆಳಗಿಳಿಯೋದು ಚೆಲ್ಲೋನೇ ಹೊರತು ಹೀರೋ ಅಲ್ಲ.

ಕೆಲಸ ಎಷ್ಟಾಗುತ್ತದೆ ಅನ್ನೋದು ನಿಮ್ಮ ಸರ್ ಏನು ಕೊಟ್ಟಿದ್ದಾರೆ ಅನ್ನೋದರ ಮೇಲೆ. ಹಾಲಿವುಡ್ ಸಂಗೀತ ನಿರ್ದೇಶಕ ಜಾನ್ ವಿಲಿಯಮ್ಸ್ ಅವರ ಸ್ಕೆಚ್‌ನಲ್ಲೇ ಯಾವ ವಾದ್ಯಕ್ಕೆ ಏನು ಅನ್ನೋದು ಬಹುಪಾಲು ಇರುತ್ತದೆ. 1977ರ 'ಸ್ಟಾರ್ ವಾರ್ಸ್'ಗೆ ಹರ್ಬರ್ಟ್ ಸ್ಪೆನ್ಸರ್ ಅದನ್ನು ಪೂರ್ಣ ಸ್ಕೋರಿಗೆ (ಎಲ್ಲ ವಾದ್ಯಗಳ ಸಾಲು ಒಟ್ಟಿಗಿರೋ ನೊಟೇಶನ್‌ಗೆ) ಬಿಡಿಸಿ ಬರೆದರು. ಇನ್ನೊಬ್ಬ ಹಾಲಿವುಡ್ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಆ ಕೆಲಸವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ, ತಾವೇ ಬರೆಯುತ್ತಿದ್ದರು. 1960ರ 'ಸೈಕೋ'ಗೆ ಬರೀ ತಂತಿವಾದ್ಯ ಇಟ್ಟು ಏನು ಮಾಡಿದರು ಅಂತ ಒಂದು ಸಲ ಸ್ಕೋರ್ ಇಟ್ಟುಕೊಂಡು ಕೇಳಿ. ನಿಮ್ಮ ವಿಷಯದಲ್ಲಿ ಬಂದಿರೋದು ಬರೀ ಪ್ಯಾಡ್ ಮತ್ತು ಮೆಲೊಡಿ ಆದರೆ ಅರ್ಧ ಬರವಣಿಗೆ ನಿಮ್ಮದೇ ಆಗುತ್ತದೆ. ದರ ಹೇಳೋವಾಗ ಇದು ನೆನಪಿರಲಿ.

ಸೆಕೆಂಡ್_ಡೆಸ್ಕ್

ಮೇಲೆ ಹೇಳಿದ್ದು ಸರಿ ಇದೆ. ಪಾರ್ಟ್ (ಒಂದೊಂದು ವಾದ್ಯಕ್ಕೆ ಬಿಡಿಸಿದ ನೊಟೇಶನ್ ಹಾಳೆ) ಎದುರಿಗೆ ಇಟ್ಟುಕೊಂಡು ನುಡಿಸೋನ ಕಡೆಯಿಂದ ಒಂದಷ್ಟು.

ಕೀಬೋರ್ಡ್‌ನವರು ಟ್ರಾನ್ಸ್‌ಪೋಸ್ ಬಟನ್ ಒತ್ತಿ ಬಿಳಿ ಕೀಗಳಲ್ಲೇ ನುಡಿಸಿಬಿಡುತ್ತಾರೆ. ಪೇಪರ್ ಮೇಲೆ ಅದು ಐದು ಶಾರ್ಪ್ ಆಗಿ ಬಂದು ಕೂರುತ್ತದೆ. ಅದಾದರೂ ಪರವಾಗಿಲ್ಲ. ಆದರೆ ಸಾಫ್ಟ್‌ವೇರ್ ಒಂದೇ ಬಾರ್‌ನಲ್ಲಿ ಒಂದು ಕಡೆ ಡಿ ಶಾರ್ಪ್, ಪಕ್ಕದಲ್ಲೇ ಇ ಫ್ಲಾಟ್ ಹಾಕಿರುತ್ತದಲ್ಲ, ಅದನ್ನು ದಯವಿಟ್ಟು ಕೂತು ಸರಿ ಮಾಡಿ. ಮೊದಲ ಸಲ ನೋಡಿ ಓದೋವಾಗ ಅಲ್ಲೇ ಎಲ್ಲರೂ ಎಡವೋದು. ಪ್ರತಿ ಬಾರ್‌ಗೂ ನಂಬರ್ ಇರಲಿ. ಪುಟ ತಿರುಗಿಸೋ ಜಾಗದಲ್ಲಿ ರೆಸ್ಟ್ ಬರೋ ಹಾಗೆ ಲೇಔಟ್ ಮಾಡಿ, ಇಲ್ಲದಿದ್ದರೆ ಮೆಲ್ಲಗಿನ ಜಾಗದಲ್ಲಿ ಪೇಪರ್ ಸದ್ದು ಮೈಕಿಗೆ ಬೀಳುತ್ತದೆ. ಕ್ಲಿಕ್‌ನಲ್ಲಿ (ವಾದಕರ ಹೆಡ್‌ಫೋನ್‌ಗೆ ಕೊಡೋ ತಾಳದ ಟಿಕ್ ಸದ್ದಿನಲ್ಲಿ) ಶುರುವಿಗೆ ಮುಂಚೆ ಎರಡು ಬಾರ್ ಖಾಲಿ ಕೊಡಿ.

ಗಮಕದ (ಸ್ವರವನ್ನು ತೂಗಿ, ಜಾರಿಸಿ ನುಡಿಸೋದರ) ವಿಷಯ ಯಾರೂ ಎತ್ತಲಿಲ್ಲ. ನಮ್ಮ ಸಿನಿಮಾ ಅಂದ ಮೇಲೆ ಎಲ್ಲೋ ಒಂದು ಕಡೆ ರಾಗ ಬಂದೇ ಬರುತ್ತದೆ. ತೋಡಿ ಛಾಯೆಯ ಒಂದು ಸಾಲು ಇದೆ ಅಂದುಕೊಳ್ಳಿ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲೋ ಸ್ವರ ಅಲ್ಲ, ಅದು ತೂಗಾಡಬೇಕು. ಅದನ್ನು ಸ್ಟಾಫ್ ಮೇಲೆ ಒಂದು ಫ್ಲಾಟ್ ಹಾಕಿ ಬರೆದು ಹಂಗೇರಿಯವರಿಗೆ ಕೊಟ್ಟರೆ, ಅವರು ಎಷ್ಟು ಶ್ರುತಿಶುದ್ಧವಾಗಿ ನುಡಿಸುತ್ತಾರೋ ಅಷ್ಟೂ ಅದು ತೋಡಿ ಆಗಿರೋದಿಲ್ಲ. ಸ್ವರಕ್ಕೆ ಸ್ವರ ಬಿಡಿಸಿ ಬರೆದರೂ ಇಪ್ಪತ್ತು ಜನ ಒಂದೇ ಹದದಲ್ಲಿ ತೂಗೋದು ಕಷ್ಟ. ಆ ಸಾಲನ್ನು ಇಲ್ಲಿನ ಒಬ್ಬ ಕರ್ನಾಟಕ ಸಂಗೀತದ ವಯೊಲಿನ್‌ನವರ ಕೈಲಿ ಸೋಲೋ ಮಾಡಿಸಿ. ದೊಡ್ಡ ಸೆಕ್ಷನ್‌ಗೆ ಷಡ್ಜ ಪಂಚಮ ಹಿಡಿದು ನಿಲ್ಲೋ ಕೆಲಸ ಕೊಡಿ. ಸೀನಿಗೂ ಅದೇ ಚೆನ್ನ.

ಚೆನ್ನೈ ಅಂದರೆ ಹಳೇದು, ಹೊರದೇಶ ಅಂದರೆ ದೊಡ್ಡದು ಅನ್ನೋ ಲೆಕ್ಕ ಬೇಡ. ಕನ್ನಡ ಸಿನಿಮಾ ಹಾಡುಗಳು ದಶಕಗಟ್ಟಲೆ ರೆಕಾರ್ಡ್ ಆಗಿದ್ದೇ ಮದ್ರಾಸಿನಲ್ಲಿ. ಇಳಯರಾಜ ಅವರು ನಮ್ಮ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿದ್ದವರು, ಆಮೇಲೆ 1981ರಲ್ಲಿ ಶಂಕರ್ ನಾಗ್ ಅವರ 'ಗೀತಾ'ಗೆ ಸಂಗೀತ ಕೊಟ್ಟರು. ಎಲ್ಲ ವಾದ್ಯಗಳ ಸ್ಕೋರನ್ನೂ ತಾವೇ ಕೈಯಲ್ಲಿ ಬರೆಯೋ ಮನುಷ್ಯ ಅವರು. 2005ರ 'ತಿರುವಾಸಕಂ'ಗೆ ಬುಡಾಪೆಸ್ಟ್ ಆರ್ಕೆಸ್ಟ್ರಾ ಬಳಸಿದರು, ಅಲ್ಲಿ ಬೇಕಾದ ಸಂಖ್ಯೆ, ಬೇಕಾದ ಬ್ರಾಸ್, ವುಡ್‌ವಿಂಡ್ ಎಲ್ಲ ಒಂದೇ ಹಾಲ್‌ನಲ್ಲಿ ಕೂರುತ್ತದೆ. ನಿಮಗೆ ಬೇಕಿರೋದು ಬರೀ ಸ್ಟ್ರಿಂಗ್ಸ್ ಆದರೆ ಚೆನ್ನೈ ಸಾಕು, ಕಂಡಕ್ಟರ್‌ಗೆ "ಇಲ್ಲಿ ಸ್ವಲ್ಪ ಜಾರಿಸಿ" ಅಂದರೆ ಅರ್ಥವೂ ಆಗುತ್ತದೆ. ನಾಲ್ಕು ಹಾರ್ನ್, ಟ್ರಾಂಬೋನ್, ಟ್ಯೂಬಾ ಬೇಕು ಅಂದರೆ ಆಗ ಬುಡಾಪೆಸ್ಟ್.

ಸ್ಯಾಂಪಲ್_ಸಾಕು

ಇಷ್ಟೆಲ್ಲ ಯಾಕೆ ಗುರು? ಒಳ್ಳೆ ಲೈಬ್ರರಿ ಹಾಕಿ, ಮೇಲೆ ಇಬ್ಬರು ವಯೊಲಿನ್ ಒಬ್ಬ ಚೆಲ್ಲೋ ಲೈವ್ ಓವರ್‌ಡಬ್ ಮಾಡಿ (ಅದರ ಮೇಲೇ ನುಡಿಸಿ ಸೇರಿಸಿ). ಥಿಯೇಟರಿನಲ್ಲಿ ಯಾರಿಗೂ ಗೊತ್ತಾಗಲ್ಲ. ಅರ್ಧಕ್ಕರ್ಧ ಸಿನಿಮಾಗಳಲ್ಲಿ ನಡೀತಿರೋದೇ ಅದು.

ಸೆಕೆಂಡ್_ಡೆಸ್ಕ್

ಆ ಮೂರು ಜನಕ್ಕೂ ನೊಟೇಶನ್ ಬೇಕಲ್ಲ ಸ್ವಾಮಿ. ಬರೆಯೋ ಕೆಲಸ ತಪ್ಪಲ್ಲ.

ವೋಚರ್_ವಿಭಾಗ

ದುಡ್ಡಿನ ಪ್ರಶ್ನೆಯನ್ನು ಎಲ್ಲರೂ ನಯವಾಗಿ ಜಾರಿಸಿದರು. ನಾನು ಪ್ರೊಡಕ್ಷನ್ ಕಡೆ ಲೆಕ್ಕ ನೋಡೋನು, ಹೇಳುತ್ತೇನೆ.

ಇದು ಬೇರೆ ಕೆಲಸ, ಬೇರೆ ಬಿಲ್. ಅಮೆರಿಕದ ವಾದಕರ ಯೂನಿಯನ್ ಇದಕ್ಕೆ ಪುಟದ ಲೆಕ್ಕ ಇಟ್ಟಿದೆ, ನಾಲ್ಕು ಬಾರ್‌ಗೆ ಒಂದು ಪುಟ (ನಾಲ್ಕು_ಬಾರ್ ಅವರ ಹೆಸರು ಅಲ್ಲಿಂದಲೇ ಬಂದಿರಬೇಕು). ನಿಮಿಷಕ್ಕೆ 120 ಬೀಟ್, 4/4, ಎರಡು ನಿಮಿಷದ ಫೈಟ್ ಕ್ಯೂ (ಒಂದು ಸೀನಿಗೆ ಬರೆದ ಸಂಗೀತದ ತುಣುಕು) ಅಂದರೆ 240 ಬೀಟ್, 60 ಬಾರ್, 15 ಪುಟ. ಅದೇ ಎರಡು ನಿಮಿಷ 60 ಬೀಟ್‌ನ ಸಾವಿನ ಸೀನ್ ಆದರೆ ಏಳೂವರೆ ಪುಟ. ನಮ್ಮಲ್ಲಿ ಪುಟದ ಲೆಕ್ಕ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ, "ಒಟ್ಟು ಎಷ್ಟು ಹೇಳಿ" ಅಂತಾರೆ. ಒಟ್ಟು ಹೇಳಿದಿರೋ, ಮುಗೀತು, ಕ್ಯೂ ಬೆಳೆಯುತ್ತಾ ಹೋಗುತ್ತದೆ. ನಿಮಿಷದ ಲೆಕ್ಕ ಹೇಳಿ. ಆದರೆ ಎರಡು ದರ ಇಡಿ, ಆಕ್ಷನ್‌ಗೆ ಒಂದು, ನಿಧಾನದ ಸೀನಿಗೆ ಇನ್ನೊಂದು. ಪಾರ್ಟ್ಸ್ ತೆಗೆದು ಪಿಡಿಎಫ್ ಮಾಡಿಕೊಡೋದು ಬೇರೆ ಸಾಲು. ಹಾಲಿವುಡ್‌ನಲ್ಲಿ ಅದಕ್ಕೆ ಕಾಪಿಯಿಸ್ಟ್ ಅಂತ ಬೇರೆ ಮನುಷ್ಯನೇ ಇರುತ್ತಾನೆ, ಇಲ್ಲಿ ಅದೂ ನೀವೇ.

ಎಲ್ಲಕ್ಕಿಂತ ಜಾಸ್ತಿ ಮುಖ್ಯವಾದದ್ದು ರೀ-ಎಡಿಟ್. ಪಿಕ್ಚರ್ ಲಾಕ್ (ಇನ್ನು ಎಡಿಟ್ ಬದಲಾಗಲ್ಲ) ಅಂತಾರೆ, ಬರೆದು ಮುಗಿಸಿರುತ್ತೀರಿ, ಆಮೇಲೆ ಡೈರೆಕ್ಟರ್ ಸೀನಿನಿಂದ ಒಂಬತ್ತು ಸೆಕೆಂಡ್ ತೆಗೆಯುತ್ತಾರೆ. ಆಗ ಟೆಂಪೋ, ಬಾರ್ ನಂಬರ್, ಪಾರ್ಟ್ಸ್ ಎಲ್ಲ ಮತ್ತೆ ಮಾಡಬೇಕು. ಲಾಕ್ ಆದ ಮೇಲಿನ ಬದಲಾವಣೆಗೆ ಬೇರೆ ಚಾರ್ಜ್ ಅಂತ ಮೊದಲೇ ಬರೆಸಿಕೊಳ್ಳಿ. ಕ್ಯೂಗಳಿಗೆ 1ಎಂ1, 1ಎಂ2 ಅಂತ ರೀಲ್ ಪ್ರಕಾರ ನಂಬರ್ ಕೊಟ್ಟು, ಜೊತೆಗೆ ವರ್ಷನ್ ನಂಬರ್ ಹಾಕಿ. ಯಾವ ವರ್ಷನ್‌ಗೆ ಎಷ್ಟು ಸಲ ಕೆಲಸ ಆಯಿತು ಅನ್ನೋದಕ್ಕೆ ಅದೇ ಸಾಕ್ಷಿ.

ಮುಂದೆ ರಾಯಲ್ಟಿ ಬರುತ್ತದೆ ಅಂತ ಯಾರಾದರೂ ಆಸೆ ತೋರಿಸಿದರೆ ನಂಬಿ ದರ ಇಳಿಸಬೇಡಿ. 2012ರ ಕಾಪಿರೈಟ್ ತಿದ್ದುಪಡಿ ರಾಯಲ್ಟಿ ಪಾಲನ್ನು ಗಟ್ಟಿ ಮಾಡಿದ್ದು ಹಾಡು ಬರೆದವರಿಗೆ, ಸಂಗೀತ ಸಂಯೋಜಿಸಿದವರಿಗೆ. ಅರೇಂಜ್‌ಮೆಂಟನ್ನು ಕಾಯ್ದೆ ಮೂಲ ಕೃತಿಯ ರೂಪಾಂತರ ಅಂತ ನೋಡುತ್ತದೆ, ಅದನ್ನು ಮಾಡಿಸೋ ಹಕ್ಕು ಮೂಲ ಹಕ್ಕುದಾರರದ್ದು. ನಿಮಗೆ ಸಿಗೋದು ಈಗ ಕೈಗೆ ಬರೋ ದುಡ್ಡು. ಅರ್ಧ ಮುಂಗಡ, ಉಳಿದರ್ಧ ಪಾರ್ಟ್ಸ್ ಕಳಿಸೋ ದಿನ. ರಿಲೀಸ್ ಆದ ಮೇಲೆ ಕೊಡ್ತೀವಿ ಅಂದರೆ ಕೈ ಮುಗಿದು ಬಿಡಿ. ಟಿಡಿಎಸ್ ಹಿಡಿದರೆ ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯಾ ಅಂತಲೂ ನೋಡಿಕೊಳ್ಳಿ.

ಕೀಲಿಮಣೆ

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಮೂರು ಕ್ಯೂ ಸೇರಿ ಎಂಟು ನಿಮಿಷದ ಹತ್ತಿರ ಇದೆ, ಅದರಲ್ಲಿ ಆಕ್ಷನ್ನೇ ಜಾಸ್ತಿ. ಟೈಟಲ್ ಕಾರ್ಡ್‌ನಲ್ಲಿ ಹೆಸರು ಕೇಳಬಹುದಾ? ಸರ್ ಬೇಜಾರು ಮಾಡಿಕೊಂಡರೆ ಮುಂದಿನ ಕೆಲಸಕ್ಕೇ ಕುತ್ತು ಅಲ್ವಾ?

ಸೆಕೆಂಡ್_ಡೆಸ್ಕ್

ಕೇಳಿ. ಮುಂಬೈನಲ್ಲಿ ಗೋವಾದ ಅರೇಂಜರ್‌ಗಳು ಎಷ್ಟು ಕೆಲಸ ಮಾಡಿದರು, ಎಷ್ಟು ಜನರ ಹೆಸರು ನಮಗೆ ಗೊತ್ತು? ಶಂಕರ್-ಜೈಕಿಶನ್ ಹಾಡುಗಳಲ್ಲಿ ಉಕ್ಕಿ ಬರೋ ಆ ವಯೊಲಿನ್‌ಗಳನ್ನು ಬರೆಯುತ್ತಿದ್ದವರು ಸೆಬಾಸ್ಟಿಯನ್ ಡಿಸೋಜ. ಟೈಟಲ್‌ನಲ್ಲಿ ಬಂದರೆ ಸಹಾಯಕರು ಅಂತ ಬರುತ್ತಿತ್ತು. ಇನ್ನೊಬ್ಬ ಅರೇಂಜರ್ ಆಂಥೋನಿ ಗೊನ್ಸಾಲ್ವಿಸ್ ಅವರ ಹೆಸರು ದೇಶಕ್ಕೆಲ್ಲ ಗೊತ್ತು, ಆದರೆ 1977ರ 'ಅಮರ್ ಅಕ್ಬರ್ ಆಂಥೋನಿ'ಯ ಹಾಡಿನಿಂದ. ಆ ಚಿತ್ರಕ್ಕೆ ಸಂಗೀತ ಕೊಟ್ಟ ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯಲ್ಲಿ ಅವರ ಶಿಷ್ಯ ಪ್ಯಾರೇಲಾಲ್ ಗುರುವಿಗೆ ಸಲ್ಲಿಸಿದ ಗೌರವ ಅದು, ಕೇಳಿದವರಲ್ಲಿ ಮುಕ್ಕಾಲು ಪಾಲು ಜನ ಹೀರೋ ಹೆಸರು ಅಷ್ಟೇ ಅಂದುಕೊಂಡರು.

ನಾಲ್ಕು_ಬಾರ್

ಹಾಲಿವುಡ್‌ನಲ್ಲೂ ಮೊದಲು ಇದೇ ಕಥೆ. ಹ್ಯೂಗೋ ಫ್ರೀಡ್‌ಹೋಫರ್ ಅಂತ, ಮ್ಯಾಕ್ಸ್ ಸ್ಟೈನರ್, ಕಾರ್ನ್‌ಗೋಲ್ಡ್ ಅನ್ನೋ ದೊಡ್ಡ ಸಂಗೀತ ನಿರ್ದೇಶಕರಿಬ್ಬರಿಗೂ ವರ್ಷಗಟ್ಟಲೆ ಆರ್ಕೆಸ್ಟ್ರೇಟ್ ಮಾಡಿದವರು. ಆಮೇಲೆ 1946ರ ಒಂದು ಚಿತ್ರಕ್ಕೆ ತಾವೇ ಸಂಗೀತ ಬರೆದು ಆಸ್ಕರ್ ತಗೊಂಡರು. ಸಂಗೀತ ನಿರ್ದೇಶಕ ಡ್ಯಾನಿ ಎಲ್ಫ್‌ಮನ್‌ಗೆ ಬರೆದುಕೊಡೋ ಸ್ಟೀವ್ ಬಾರ್ಟೆಕ್ ಅವರದೇ ಬ್ಯಾಂಡಿನ ಗಿಟಾರಿಸ್ಟ್, ಹೆಸರು ಬಹುಪಾಲು ಸಿನಿಮಾಗಳಲ್ಲಿ ಬರುತ್ತದೆ. ಅದರಿಂದ ಎಲ್ಫ್‌ಮನ್ ಮರ್ಯಾದೆಯೇನೂ ಕಡಿಮೆ ಆಗಿಲ್ಲ.

ಎದುರಿಗೆ ಕೇಳೋಕೆ ಸಂಕೋಚ ಇದ್ದರೆ ದರ ಕಳಿಸೋ ವಾಟ್ಸಾಪ್ ಮೆಸೇಜಿನಲ್ಲೇ ಕೊನೆಯ ಸಾಲಾಗಿ ಹಾಕಿ: "ಸರ್, ಟೈಟಲ್‌ನಲ್ಲಿ ಆರ್ಕೆಸ್ಟ್ರೇಶನ್ ಅಂತ ನನ್ನ ಹೆಸರು ಹಾಕಿಸಿದರೆ ಉಪಕಾರ." ಸರ್ ಓಕೆ ಅಂದರೆ ಅದೇ ಬರವಣಿಗೆಯ ಒಪ್ಪಿಗೆ. ಟೈಟಲ್ ಲಿಸ್ಟ್ ಮಾಡೋದು ಸಾಮಾನ್ಯವಾಗಿ ಡೈರೆಕ್ಷನ್ ಟೀಮಿನ ಅಸೋಸಿಯೇಟ್, ಅವರಿಗೂ ಸ್ಪೆಲಿಂಗ್ ಸಮೇತ ಕಳಿಸಿಬಿಡಿ.

ಬುಡಾಪೆಸ್ಟ್ ಆದರೆ ಒಂದು ಮರೆಯಬೇಡಿ. ಯುರೋಪಿನಲ್ಲಿ ತುಂಬಾ ಆರ್ಕೆಸ್ಟ್ರಾಗಳು ಎ ಸ್ವರದ ಶ್ರುತಿಯನ್ನು 442 ಹರ್ಟ್ಜ್ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ಇಟ್ಟುಕೊಳ್ಳುತ್ತವೆ. ನಿಮ್ಮ ಪ್ರೋಗ್ರಾಮಿಂಗ್, ಕೊಳಲು ಎಲ್ಲ 440ರಲ್ಲಿ ಇರುತ್ತದೆ. ಬುಕಿಂಗ್ ಮಾಡೋವಾಗಲೇ 440 ಅಂತ ಬರೆದು ತಿಳಿಸಿ, ಸ್ಕೋರಿನ ಮೊದಲ ಪುಟದಲ್ಲೂ ಹಾಕಿ. ಮೊದಲು ನಿಧಾನದ ಕ್ಯೂ ಒಂದನ್ನು ಬರೆಯಿರಿ, ಆಕ್ಷನ್ ಆಮೇಲೆ. ನಿಮ್ಮ ಸರ್ ಒಪ್ಪಿದರೆ ಆ ಕ್ಯೂನ ಸ್ಟ್ರಿಂಗ್ಸ್ ಪುಟ ನನಗೆ ಮೆಸೇಜ್ ಮಾಡಿ, ವಯೋಲಾ ಸಾಲು ಒಂದು ಸಲ ನೋಡಿ ಹೇಳುತ್ತೇನೆ.