ಪದಕ ಬಂದ್ರೆ ಲೋಕದಲ್ಲಿ ದೇಶದ ಬೆಲೆ ಏರುತ್ತಾ?

ಓಟದಹುಚ್ಚ:
ಕ್ರೀಡೆಲಿ ಗೆದ್ರೆ ದೇಶದ ಮರ್ಯಾದೆ ಹೆಚ್ಚತ್ತೆ ಅಂತ ಎಲ್ರೂ ಹೇಳ್ತಾರೆ, ನಾನೂ ಅದನ್ನ ಗಟ್ಟಿಯಾಗಿ ನಂಬಿರೋನು. ಕಾರಣ ಅಬೆಬೆ ಬಿಕಿಲ. 1960, ರೋಮ್ ಒಲಿಂಪಿಕ್ಸ್. ಇಥಿಯೋಪಿಯಾದ ಈ ಮನುಷ್ಯನ್ನ ಓಟಕ್ಕೆ ಮುಂಚೆ ಯಾರೂ ಲೆಕ್ಕಕ್ಕೇ ಇಟ್ಟಿರ್ಲಿಲ್ಲ. ಬರಿಗಾಲಲ್ಲಿ ಓಡಿ ಮ್ಯಾರಥಾನ್ ಗೆದ್ದ, 2 ಗಂಟೆ 15 ನಿಮಿಷ 16 ಸೆಕೆಂಡು. ಅದೇ ಇಟಲಿ 1936ರಲ್ಲಿ ಇಥಿಯೋಪಿಯಾನ ಆಕ್ರಮಿಸ್ಕೊಂಡು, ಮಾರನೇ ವರ್ಷ ಅಲ್ಲಿನ ಪುರಾತನ ಪಟ್ಟಣ ಅಕ್ಸುಮ್‌ನ ದೊಡ್ಡ ಕಲ್ಲುಕಂಬನ ಕಿತ್ಕೊಂಡು ಬಂದು ರೋಮ್‌ನಲ್ಲಿ ನಿಲ್ಲಿಸಿತ್ತು, ಓಟದ ದಾರಿ ಆ ಕಂಬದ ಪಕ್ಕದಲ್ಲೇ ಇತ್ತು. ಕತ್ತಲಾಗಿದೆ, ದಾರಿಯುದ್ದಕ್ಕೂ ಸೈನಿಕರು ಪಂಜು ಹಿಡ್ಕೊಂಡು ನಿಂತಿದ್ದಾರೆ, ಈ ಮನುಷ್ಯ ಆ ಕಂಬದ ಹತ್ರ ಬಂದಾಗ್ಲೇ ವೇಗ ಹೆಚ್ಚಿಸಿ ಮೊರಾಕೋದ ಓಟಗಾರನ್ನ ಹಿಂದೆ ಬಿಡ್ತಾನೆ. ಇಥಿಯೋಪಿಯಾ ಅನ್ನೋ ಹೆಸರು ಅವತ್ತು ಎಷ್ಟು ಜನರ ಬಾಯಲ್ಲಿ ಬಂದಿರ್ಬೇಕು ಯೋಚ್ನೆ ಮಾಡಿ!

ಮಳೆಹನಿ:
ಬಿಕಿಲನ ಕಥೆ ಓದಿದಾಗೆಲ್ಲ ನಂಗೂ ಮೈ ಜುಮ್ ಅನ್ನತ್ತೆ. ಆದ್ರೆ ಆ ಕಂಬ ಏನಾಯ್ತು ಅಂತ ನೀವು ಹೇಳ್ಲೇ ಇಲ್ಲ. ವಾಪಸ್ ಕೊಡ್ತೀವಿ ಅಂತ ಇಟಲಿ 1947ರ ಶಾಂತಿ ಒಪ್ಪಂದದಲ್ಲೇ ಒಪ್ಕೊಂಡಿತ್ತು, ನಿಜವಾಗ್ಲೂ ಅದು ಅಕ್ಸುಮ್‌ಗೆ ಮುಟ್ಟಿದ್ದು 2005ರಲ್ಲಿ. ಅಂದ್ರೆ ಬಿಕಿಲ ಗೆದ್ದು 45 ವರ್ಷ ಆದ್ಮೇಲೆ, ಅಷ್ಟೊತ್ತಿಗೆ ಅವನು ತೀರ್ಕೊಂಡೇ 30 ವರ್ಷ ದಾಟಿತ್ತು. ಚಪ್ಪಾಳೆ ಸಿಕ್ತು, ಒಪ್ಪಿ ಸಹಿ ಹಾಕಿದ್ದ ವಸ್ತು ಮಾತ್ರ ಸಿಗ್ಲಿಲ್ಲ. ನಾಲ್ಕು ದೇಶ ಕೂತಾಗ ನಮ್ಮ ಮಾತು ನಡೀಬೇಕು, ಮರ್ಯಾದೆ ಅಂದ್ರೆ ನನ್ನ ಪ್ರಕಾರ ಅದು.

ಹಳೇಡೈರಿ:
ಮಳೆಹನಿ ಅವ್ರ ಮಾತಿಗೆ ನನ್ನದೂ ಒಂದು ಸೇರಿಸ್ತೀನಿ. ಪೂರ್ವ ಜರ್ಮನಿ, ಅಂದ್ರೆ ಎರಡನೇ ಮಹಾಯುದ್ಧ ಆದ್ಮೇಲೆ ಇಬ್ಭಾಗವಾದ ಜರ್ಮನಿಯ ಕಮ್ಯುನಿಸ್ಟ್ ಭಾಗ. ಜನಸಂಖ್ಯೆ 1.7 ಕೋಟಿನೂ ಇರ್ಲಿಲ್ಲ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 40 ಚಿನ್ನ, ಅಮೆರಿಕಕ್ಕೆ 34. ಹೆಂಗಸರ ಈಜಿನಲ್ಲಿ 13 ಸ್ಪರ್ಧೆ, ಅದ್ರಲ್ಲಿ 11 ಇವರದ್ದೇ. ಆ ಪದಕಗಳ ಹಿಂದೆ ಏನಿತ್ತು ಅಂತ ಆಮೇಲೆ ಹೊರಗೆ ಬಂತು, ಸರ್ಕಾರನೇ ಕೂತು ಯೋಜನೆ ಹಾಕಿ ಹದಿಹರೆಯದ ಮಕ್ಕಳಿಗೆ ವಿಟಮಿನ್ ಅಂತ ಸುಳ್ಳು ಹೇಳಿ ನೀಲಿ ಮಾತ್ರೆ ನುಂಗಿಸ್ತಿತ್ತು, ಸ್ಟೆರಾಯ್ಡು. 1986ರಲ್ಲಿ ಶಾಟ್‌ಪುಟ್‌ನಲ್ಲಿ ಯುರೋಪ್ ಚಾಂಪಿಯನ್ ಆದ ಹೈಡಿ ಕ್ರೀಗರ್ ಹಾಗೆ ಮಾತ್ರೆ ತಗೊಂಡವರಲ್ಲಿ ಒಬ್ಬರು, ಮುಂದೆ ಅವರು ಆಂಡ್ರಿಯಾಸ್ ಕ್ರೀಗರ್ ಆಗಿ ಬದುಕು ಕಟ್ಕೊಂಡ್ರು, ಆ ಮಾತ್ರೆಗಳು ತನ್ನ ಮೈಗೆ ಏನು ಮಾಡಿದ್ವು ಅಂತ ಕೋರ್ಟಿನಲ್ಲೂ ಹೇಳಿದ್ರು. ಇದನ್ನ ಓದಿದಾಗ ನಂಗೆ ಹೊಟ್ಟೆಲಿ ಸಂಕಟ ಆಗತ್ತೆ, ಯಾಕಂದ್ರೆ ನಾನೂ ಓಡ್ತಿದ್ದೋನು, ಕೋಚ್ ಕೈಯಲ್ಲಿ ಕೊಟ್ಟಿದ್ದನ್ನ ಆ ವಯಸ್ಸಲ್ಲಿ ಯಾರು ಪ್ರಶ್ನೆ ಮಾಡ್ತಾರೆ? 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲೂ 37 ಚಿನ್ನ ಗೆದ್ದು ಅಮೆರಿಕಕ್ಕಿಂತ ಮೇಲೆ ನಿಂತ ದೇಶ, ಮುಂದಿನ ವರ್ಷ ಬರ್ಲಿನ್ ಗೋಡೆ ಬಿತ್ತು, 1990ರ ಅಕ್ಟೋಬರ್‌ಗೆ ಪಶ್ಚಿಮ ಜರ್ಮನಿ ಜೊತೆ ಸೇರಿ ಭೂಪಟದಲ್ಲೇ ಇಲ್ಲ.

ಮೂರನೇಲೇನ್:
ಹಳೇಡೈರಿ ಸರ್, ಮಾತ್ರೆ ವಿಷಯದಲ್ಲಿ ನಿಮ್ಮ ಜೊತೆ ಇದ್ದೀನಿ, ಅದು ಮಕ್ಕಳ ಮೇಲೆ ಮಾಡಿದ ಅಪರಾಧ. ಆದ್ರೆ ಪೂರ್ವ ಜರ್ಮನಿಯ ಪೂರ್ತಿ ಕಥೆ ಅದಲ್ಲ. ತುಂಬಾ ವರ್ಷ ಅದನ್ನ ಒಂದು ದೇಶ ಅಂತ ಪಶ್ಚಿಮದವರು ಒಪ್ತಾನೇ ಇರ್ಲಿಲ್ಲ, ಎರಡೂ ಜರ್ಮನಿ ಒಂದೇ ಟೀಮಾಗಿ ಒಲಿಂಪಿಕ್ಸ್‌ಗೆ ಹೋಗ್ಬೇಕಿತ್ತು. 1968ರಲ್ಲಿ ಬೇರೆ ಟೀಮು, 1972ರಲ್ಲಿ ಮ್ಯೂನಿಕ್‌ನಲ್ಲಿ, ಅಂದ್ರೆ ಪಶ್ಚಿಮ ಜರ್ಮನಿಯ ನೆಲದಲ್ಲೇ, ತನ್ನದೇ ಬಾವುಟ ತನ್ನದೇ ರಾಷ್ಟ್ರಗೀತೆ. ವಿಶ್ವಸಂಸ್ಥೆ ಸೇರಿದ್ದು ಅದಾದ್ಮೇಲೆ, 1973ರಲ್ಲಿ. ಅಲ್ಲಿಗೆ ಕ್ರೀಡೆ ಮುಂದೆ ಹೋಗಿ ಬಾಗಿಲು ತಟ್ತು, ರಾಜಕೀಯ ಹಿಂದೆ ಬಂತು.

ಮಳೆಹನಿ:
ಬಾಗಿಲು ತೆಗೆದಿದ್ದು ಆಗಿನ ಪಶ್ಚಿಮ ಜರ್ಮನಿ ಸರ್ಕಾರದ ಮುಖ್ಯಸ್ಥ ವಿಲ್ಲಿ ಬ್ರಾಂಟ್ ಅಲ್ವಾ? ಪೂರ್ವದವರ ಜೊತೆ ಮಾತಾಡೋಣ ಅನ್ನೋ ಅವರ ನೀತಿ, 1972ರ ಕೊನೇಲಿ ಎರಡೂ ಜರ್ಮನಿ ನಡುವೆ ಆದ ಒಪ್ಪಂದ. ಅದಿಲ್ದೆ ಎಷ್ಟು ಚಿನ್ನ ತಂದಿದ್ರೂ ಅಲ್ಲೇ ಇರ್ತಿತ್ತು.

ಮೂರನೇಲೇನ್:
ಸರಿ, ಬ್ರಾಂಟ್ ಪಾಲೇ ದೊಡ್ಡದು, ಒಪ್ತೀನಿ. ಹಾಗಾದ್ರೆ ಸರ್ಬಿಯಾದಿಂದ ಬೇರೆಯಾದ ಕೊಸೊವೊ ನೋಡಿ. ಇವತ್ತಿಗೂ ವಿಶ್ವಸಂಸ್ಥೆ ಸದಸ್ಯ ಅಲ್ಲ, ಎಷ್ಟೋ ದೇಶಗಳು ಮಾನ್ಯತೆನೇ ಕೊಟ್ಟಿಲ್ಲ. ಅಲ್ಲಿನ ಜೂಡೋ ಆಟಗಾರ್ತಿ ಮೈಲಿಂಡಾ ಕೆಲ್ಮೆಂಡಿ 2012ರ ಲಂಡನ್‌ನಲ್ಲಿ ಅಲ್ಬೇನಿಯಾ ಹೆಸರಲ್ಲಿ ಆಡ್ಬೇಕಾಯ್ತು. 2014ರಲ್ಲಿ ಒಲಿಂಪಿಕ್ ಸಮಿತಿ ಮಾನ್ಯತೆ ಕೊಡ್ತು, 2016ರ ರಿಯೋದಲ್ಲಿ 52 ಕೆಜಿ ವಿಭಾಗದಲ್ಲಿ ಅದೇ ಹುಡುಗಿ ಚಿನ್ನ ಗೆದ್ದಳು, ಕೊಸೊವೊ ಭಾಗವಹಿಸಿದ ಮೊದಲ ಒಲಿಂಪಿಕ್ಸ್‌ನಲ್ಲೇ ಮೊದಲ ಪದಕ. ಬಾವುಟ ಮೇಲೆ ಹೋಗ್ತಿದ್ದಾಗ ಅವಳು ಅಳ್ತಿದ್ಲು. ಇದಕ್ಕೆ ಏನೂ ಬೆಲೆ ಇಲ್ಲ ಅಂತ ನಂಗೆ ಹೇಳೋಕಾಗಲ್ಲ.

ದೂರದೂರು:
ಸ್ವಂತ ಅನುಭವ ಹೇಳ್ತೀನಿ. ವಿದೇಶದಲ್ಲಿ ಕೆಲಸ ಮಾಡೋವಾಗ ಪಕ್ಕದ ಸೀಟಲ್ಲಿ ಒಬ್ಬ ಜಮೈಕಾದವನಿದ್ದ. ಯಾರೇ ಹೊಸಬರು ಬಂದು ಊರು ಯಾವ್ದು ಅಂತ ಕೇಳ್ಲಿ, ಜಮೈಕಾ ಅಂದ ತಕ್ಷಣ ಓಟಗಾರ ಉಸೇನ್ ಬೋಲ್ಟ್ ಹೆಸರು ಹೇಳ್ತಿದ್ರು, ಇವನ ಮುಖ ಅರಳ್ತಿತ್ತು. ಒಂದಿನ ಅವನು ಬ್ರಿಟನ್ ವೀಸಾದ ಅರ್ಜಿ ತುಂಬ್ತಾ ಕೂತಿದ್ದ, ಬ್ಯಾಂಕ್ ಸ್ಟೇಟ್‌ಮೆಂಟು, ಸಂಬಳದ ಚೀಟಿ, ವಾಪಸ್ ಹೋಗ್ತೀನಿ ಅನ್ನೋದಕ್ಕೆ ಪುರಾವೆ, ಟೇಬಲ್ ತುಂಬಾ ಕಾಗದ. ಬ್ರಿಟನ್ 2003ರಲ್ಲಿ ಜಮೈಕಾದವರಿಗೆ ವೀಸಾ ಕಡ್ಡಾಯ ಮಾಡಿತ್ತು, ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನ 9.58 ಸೆಕೆಂಡಲ್ಲಿ ಓಡಿದ ಮೇಲೂ ಆ ನಿಯಮ ಹಾಗೇ ಇತ್ತು. ಅವನು ಕಾಗದ ಜೋಡಿಸ್ತಾ ಹೇಳಿದ್ದು ಇನ್ನೂ ಕಿವೀಲಿದೆ, "ನನ್ನ ದೇಶ ಎಲ್ರಿಗೂ ಇಷ್ಟ, ನನ್ನ ಮೇಲೆ ಮಾತ್ರ ಅನುಮಾನ". ಇಷ್ಟ ಆಗೋದು ಬೇರೆ ನಂಬಿಕೆ ಇಡೋದು ಬೇರೆ ಅಂತ ನಂಗೆ ಗೊತ್ತಾಗಿದ್ದು ಅವತ್ತು.

ಓಟದಹುಚ್ಚ:
ಇದನ್ನ ಎರಡು ಸಲ ಓದ್ದೆ. ನಾನು ಹೆಸರು ಗೊತ್ತಾಗೋದನ್ನೇ ಮರ್ಯಾದೆ ಅಂದ್ಕೊಂಡಿದ್ದೆ ಅನ್ಸತ್ತೆ, ಅಲ್ಲಿ ನಂದು ತಪ್ಪು. ಆದ್ರೆ ಒಂದು ಬಿಡಲ್ಲ. ಆ ಜಮೈಕಾದವ್ರ ಮುಖ ಅರಳ್ತಿತ್ತು ಅಂದ್ರಲ್ಲ, ಅದು ಸಣ್ಣದಲ್ಲ. ಹೊರಗಿನವರು ಏನು ಕೊಟ್ರು ಅನ್ನೋದನ್ನ ಪಕ್ಕಕ್ಕಿಡಿ, ತನ್ನವರ ಮುಂದೆ ಒಬ್ಬ ಗೆದ್ದಾಗ ಮಿಕ್ಕವರು ತಮ್ಮನ್ನ ತಾವು ನೋಡ್ಕೊಳೋ ರೀತಿನೇ ಬದಲಾಗತ್ತೆ. ಬಿಕಿಲ 1964ರ ಟೋಕಿಯೋದಲ್ಲಿ ಇನ್ನೊಂದ್ಸಲ ಗೆದ್ದ, ಅಪೆಂಡಿಕ್ಸ್ ಆಪರೇಷನ್ ಆಗಿ ಕೆಲವೇ ವಾರಕ್ಕೆ. 1968ರಲ್ಲಿ ಮೆಕ್ಸಿಕೋದಲ್ಲಿ ಅವನಿಗೆ ಅರ್ಧದಲ್ಲೇ ಓಟ ಬಿಡ್ಬೇಕಾಯ್ತು, ಗೆದ್ದಿದ್ದು ಮತ್ತೊಬ್ಬ ಇಥಿಯೋಪಿಯಾದವನೇ, ಮಾಮೋ ವೋಲ್ಡೆ. ಆಮೇಲೆ ಮಿರುಟ್ಸ್ ಯಿಫ್ಟರ್, ಹೈಲೆ ಗೆಬ್ರೆಸೆಲಾಸಿ, ದೆರಾರ್ತು ತುಲು, ಸಾಲೇ ಮುಗಿಯಲ್ಲ. ಅದನ್ನ ಯಾವ ಇಟಲಿಯವರೂ ಕೊಟ್ಟಿದ್ದಲ್ಲ.

ಮಳೆಹನಿ:
ಇದನ್ನ ಪೂರ್ತಿ ಒಪ್ತೀನಿ. ನನ್ನ ಸಿಟ್ಟು ಓಡೋರ ಮೇಲೆ ಯಾವತ್ತೂ ಇರ್ಲಿಲ್ಲ, ಅವರ ಪದಕನ ತಮ್ಮ ಎದೆಗೆ ಚುಚ್ಕೊಳೋರ ಮೇಲೆ. 1978ರಲ್ಲಿ ಅರ್ಜೆಂಟೀನಾ ಫುಟ್ಬಾಲ್ ವಿಶ್ವಕಪ್ ಗೆದ್ದಾಗ ಕಪ್ ಕೊಟ್ಟಿದ್ದು ಅಲ್ಲಿನ ಸೇನಾಡಳಿತದ ಮುಖ್ಯಸ್ಥ ವಿಡೇಲಾ, ಫೈನಲ್ ನಡೆದ ಮೈದಾನದಿಂದ ಸ್ವಲ್ಪವೇ ದೂರದಲ್ಲಿ ನೌಕಾಪಡೆಯ ತರಬೇತಿ ಶಾಲೆಯೊಳಗೆ ಜನರನ್ನ ಕೂಡಿಹಾಕಿ ಹಿಂಸೆ ಕೊಡ್ತಿದ್ರು. ಗೋಲ್ ಆದಾಗಿನ ಕೂಗು ಒಳಗಿದ್ದವರಿಗೂ ಕೇಳ್ತಿತ್ತು.

ಹಳೇಡೈರಿ:
ಆ ಶಾಲೆ ಈಗ ಮ್ಯೂಸಿಯಂ ಆಗಿದೆ, 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೂ ಸೇರ್ತು. ಆ ಕಪ್ ಗೆದ್ದ ಆಟಗಾರರ ಸಂಕಟನೂ ಕಮ್ಮಿ ಇಲ್ಲ, ಅವರು ಆಡಿದ್ದು ಜನರಿಗೋಸ್ಕರ, ನೆನಪಲ್ಲಿ ಉಳಿದಿದ್ದು ಕಪ್ ಜೊತೆಗೆ ಆ ಸೇನಾಧಿಕಾರಿಗಳ ಮುಖ.