ಒಂದು ಮೂಲೆ ಓರೆ, ಇನ್ನೊಂದು ಕಡೆ ಪಿಲ್ಲರ್: ಸಣ್ಣ ಬೆಡ್‌ರೂಮಲ್ಲಿ ಮಂಚ ಎಲ್ಲಿ ಹಾಕೋದು?

ಓರೆಮೂಲೆ:

ಎಲ್ಲರಿಗೂ ನಮಸ್ಕಾರ. ಬೆಡ್‌ರೂಮ್ ಹೇಗೆ ಜೋಡಿಸೋದು ಅಂತ ಯೋಚನೆ ಮಾಡಿ ಮಾಡಿ ತಲೆ ಕೆಟ್ಟು ಹೋಗಿದೆ, ದಯವಿಟ್ಟು ಐಡಿಯಾ ಕೊಡಿ. ರೂಮು ಒಳಅಳತೆ 11 ಅಡಿ ಉದ್ದ, ಒಂಬತ್ತೂವರೆ ಅಡಿ ಅಗಲ. ಕೇಳೋಕೆ ಪರವಾಗಿಲ್ಲ ಅನ್ಸುತ್ತೆ, ಆದ್ರೆ ಒಂದು ಗೋಡೆನೂ ನೆಟ್ಟಗೆ ಪೂರ್ತಿ ಸಿಗಲ್ಲ.

ಒಳಗೆ ಬಂದ ಹಾಗೆ ಹೇಳ್ತೀನಿ. ಬಾಗಿಲು ಇರೋದು ಅಗಲದ ಗೋಡೆಯ ಎಡ ತುದೀಲಿ, 3 ಅಡಿ ಬಾಗಿಲು, ಒಳಕ್ಕೆ ತೆಗೆದು ಎಡಗೋಡೆಗೆ ಒರಗುತ್ತೆ. ಅದೇ ಗೋಡೆಯ ಬಲ ತುದೀಲಿ ಬಾತ್‌ರೂಮ್ ಬಾಗಿಲು, ಅದು ಬಾತ್‌ರೂಮ್ ಒಳಗಡೆಗೇ ತೆಗೆಯುತ್ತೆ. ಎರಡು ಬಾಗಿಲ ಮಧ್ಯೆ ಉಳಿಯೋದು 3 ಅಡಿ 4 ಇಂಚು ಗೋಡೆ, ಅದರ ಮೇಲೆ 7 ಅಡಿ 3 ಇಂಚು ಎತ್ತರದಲ್ಲಿ ಲಾಫ್ಟ್. ಎಡಗೋಡೇಲಿ ಕಿಟಕಿ ಮೂಲೆಯಿಂದ 4 ಅಡಿ ಆದ್ಮೇಲೆ ಒಂದು ಪಿಲ್ಲರ್, ಒಂದೂವರೆ ಅಡಿ ಅಗಲ, ಗೋಡೆಯಿಂದ 9 ಇಂಚು ಮುಂದಕ್ಕೆ ಚಾಚಿದೆ. ಎದುರು ಗೋಡೇಲಿ 4 ಅಡಿ ಕಿಟಕಿ, ನೆಲದಿಂದ 3 ಅಡಿ ಮೇಲಕ್ಕೆ ಶುರುವಾಗುತ್ತೆ. ಕಿಟಕಿ ಗೋಡೆನೂ ಬಲಗೋಡೆನೂ ಸೇರೋ ಕಡೆ ಮೂಲೆನೇ ಇಲ್ಲ, ಎರಡೂ ಕಡೆ ಮೂರ್ಮೂರು ಅಡಿ ಕತ್ತರಿಸಿ ಓರೆಯಾಗಿ ಗೋಡೆ ಎತ್ತಿದ್ದಾರೆ. ಆ ಓರೆ ಗೋಡೆ 4 ಅಡಿ 3 ಇಂಚು. ಹಾಗಾಗಿ ಕಿಟಕಿ ಗೋಡೆ ನೆಟ್ಟಗೆ ಸಿಗೋದು ಆರೂವರೆ ಅಡಿ, ಬಲಗೋಡೆ 8 ಅಡಿ.

ಹಾಕ್ಬೇಕಾಗಿರೋದು: ಕ್ವೀನ್ ಸೈಜ್ ಮಂಚ (ಹೊರಗಿನ ಅಳತೆ 5 ಅಡಿಗೆ ಆರೂವರೆ ಅಡಿ), 3 ಅಡಿ ಅಗಲ 2 ಅಡಿ ಆಳ 7 ಅಡಿ ಎತ್ತರದ ಎರಡು ಬಾಗಿಲಿನ ವಾರ್ಡ್‌ರೋಬ್, 3 ಅಡಿಯ ಟೇಬಲ್ (ಆಳ 20 ಇಂಚು), ಒಂದು ಉದ್ದ ಕನ್ನಡಿ. ಇಬ್ಬರು ಮಲಗೋ ರೂಮು, ಒಬ್ಬರು ಬೆಳಗ್ಗೆ ಬೇಗ ಏಳ್ತಾರೆ.

ಓರೆ ಗೋಡೆ ಕಡೆ ತಲೆ ಮಾಡಿ ಮಂಚನ ಕೋನದಲ್ಲಿ ಹಾಕಿದ್ರೆ ಚೆನ್ನಾಗಿ ಕಾಣುತ್ತೆ, ಆ ಮೂಲೆನೂ ಉಪಯೋಗಕ್ಕೆ ಬರುತ್ತೆ ಅಂತ ಮನೇಲಿ ಎಲ್ಲರೂ ಹೇಳ್ತಿದ್ದಾರೆ. ನನಗೆ ಧೈರ್ಯ ಬರ್ತಿಲ್ಲ. ಏನ್ ಮಾಡ್ಲಿ?

ಗುಂಡುಮೊಳೆ:

ಇಷ್ಟು ಸರಿಯಾಗಿ ಅಳತೆ ಕೊಟ್ಟಿದ್ದಕ್ಕೆ ಮೊದಲು ಥ್ಯಾಂಕ್ಸ್, ಸುಮಾರು ಜನ "ಸಣ್ಣ ರೂಮು" ಅಂತಷ್ಟೇ ಹೇಳಿ ಸುಮ್ಮನಾಗ್ತಾರೆ. ನಿಮ್ಮ ಅಳತೆ ಇಟ್ಕೊಂಡು ಗ್ರಾಫ್ ಹಾಳೆ ಮೇಲೆ ಬರೆದು ನೋಡ್ದೆ.

ಕೋನದಲ್ಲಿ ಹಾಕೋದು ಬೇಡವೇ ಬೇಡ. ಓರೆ ಗೋಡೆ 4 ಅಡಿ 3 ಇಂಚು, ಮಂಚದ ಅಗಲ 5 ಅಡಿ, ಅಂದ್ರೆ ಮಂಚ ಆ ಗೋಡೆಗೆ ತಾಗೋದೇ ಇಲ್ಲ, ನಾಲ್ಕೈದು ಇಂಚು ಮುಂದೆ ನಿಲ್ಲುತ್ತೆ, ದಿಂಬು ಆ ಸಂದಿಗೆ ಬೀಳ್ತಾ ಇರುತ್ತೆ. ಅಲ್ಲಿಂದ ಆರೂವರೆ ಅಡಿ ಓರೆಯಾಗಿ ರೂಮಿನ ಹೊಟ್ಟೆಗೆ ನುಗ್ಗಿ ಬಂದಾಗ ಕಾಲಕಡೆಯ ಒಂದು ಮೂಲೆ ಪಿಲ್ಲರ್‌ನಿಂದ ಬರೀ 7 ಇಂಚು ದೂರ ಇರುತ್ತೆ. 7 ಇಂಚಲ್ಲಿ ಯಾರೂ ದಾಟೋಕಾಗಲ್ಲ, ಕಿಟಕಿ ತೆಗೀಬೇಕು ಅಂದ್ರೆ ಹಾಸಿಗೆ ಹತ್ತಿ ಹೋಗ್ಬೇಕು. ಇನ್ನೊಂದು ಮೂಲೆ ಬಾಗಿಲ ಗೋಡೆಯಿಂದ 2 ಅಡಿ 10 ಇಂಚಿಗೆ ಬರುತ್ತೆ, ಅಲ್ಲಿ 2 ಅಡಿ ಆಳದ ವಾರ್ಡ್‌ರೋಬ್ ಇಟ್ರೆ ಮಧ್ಯೆ ಉಳಿಯೋದು 10 ಇಂಚು, ನಿಮ್ಮ ಶಟರ್ ಒಂದೊಂದೂ 18 ಇಂಚು. ತೆಗೆಯೋದೇ ಇಲ್ಲ. ಕೋನದ ಮಂಚ ದೊಡ್ಡ ರೂಮಿಗೆ ಸರಿ, ಇಲ್ಲಿ ಅದು ನಾಲ್ಕೂ ಕಡೆ ತ್ರಿಕೋನ ತ್ರಿಕೋನವಾಗಿ ಜಾಗ ತಿನ್ನುತ್ತೆ, ಆ ಒಂದು ತ್ರಿಕೋನಕ್ಕೂ ಸಾಮಾನು ಕೂರಲ್ಲ.

ನಾನು ಹೇಳೋದು ಏನಂದ್ರೆ, ವಕ್ರವಾಗಿರೋ ಜಾಗಕ್ಕೆ ತೆಳ್ಳಗಿರೋ ಸಾಮಾನು ಕೊಡಿ, ನೆಟ್ಟಗಿರೋ ಗೋಡೆಗೆ ದಪ್ಪ ಸಾಮಾನು ಕೊಡಿ. ಹಾಗೆ ನೋಡಿದ್ರೆ ನಿಮ್ಮ ರೂಮು ತಾನೇ ದಾರಿ ತೋರಿಸುತ್ತೆ.

ಮಂಚದ ತಲೆ ಕಿಟಕಿ ಗೋಡೆಗೆ. ಹಿಂದೆ ಕರ್ಟನ್‌ಗೆ 3 ಇಂಚು ಬಿಡಿ. ಎಡಪಕ್ಕ ಪಿಲ್ಲರ್‌ಗೆ ತಾಗೋ ಹಾಗೆ ತಳ್ಳಿ. ಆಗ ಪಿಲ್ಲರ್‌ಗೂ ಕಿಟಕಿ ಗೋಡೆಗೂ ಮಧ್ಯೆ ಮಂಚದ ಪಕ್ಕ 4 ಅಡಿ ಉದ್ದ, 9 ಇಂಚು ಅಗಲದ ಒಂದು ಗುಳಿ ಉಳಿಯುತ್ತೆ ನೋಡಿ, ಅದು ದಂಡ ಅಲ್ಲ. ಹಾಸಿಗೆ ಎತ್ತರಕ್ಕೆ ಒಂದು ಹಲಗೆ ಗೋಡೆಗೆ ಫಿಕ್ಸ್ ಮಾಡಿಸಿದ್ರೆ ಫೋನು, ನೀರಿನ ಬಾಟಲಿ, ಕನ್ನಡಕ, ಓದೋ ಪುಸ್ತಕ ಎಲ್ಲ ಅಲ್ಲೇ. ಬೆಡ್‌ಸೈಡ್ ಟೇಬಲ್ ಅಂತ ಬೇರೆ ತರೋದೇ ಬೇಡ.

ವಾರ್ಡ್‌ರೋಬ್ ಎರಡು ಬಾಗಿಲ ಮಧ್ಯದ 3 ಅಡಿ 4 ಇಂಚಿಗೆ ಕೂರುತ್ತೆ, ಎರಡೂ ಪಕ್ಕ ಎರಡೆರಡು ಇಂಚು ಚೌಕಟ್ಟಿನ ಪಟ್ಟಿಗೆ. ಮಂಚದ ಕಾಲಿಗೂ ವಾರ್ಡ್‌ರೋಬ್ ಮುಖಕ್ಕೂ 27 ಇಂಚು ಸಿಗುತ್ತೆ. ಶಟರ್ 18 ಇಂಚು ತೆಗೆದ್ಮೇಲೂ ಪಕ್ಕಕ್ಕೆ ನಿಂತು ಬಟ್ಟೆ ತೆಗೀಬೋದು. ಸ್ಲೈಡಿಂಗ್ ಡೋರ್ ಮಾಡ್ಸಿ ಅಂತ ಯಾರಾದ್ರೂ ಹೇಳಿದ್ರೆ ಇಲ್ಲಿ ಬೇಡ, ಹಳಿಗೆ ಇನ್ನೂ ಎರಡು ಮೂರು ಇಂಚು ಆಳ ಹೋಗುತ್ತೆ, ಮೇಲಾಗಿ ಒಂದು ಸಲಕ್ಕೆ ಅರ್ಧ ಮಾತ್ರ ತೆಗೆಯುತ್ತೆ. 3 ಅಡಿ ಬೀರುಗೆ ಅದು ಬರೀ ತೊಂದರೆ.

ಬಲಗಡೆ ಮಂಚಕ್ಕೂ ಗೋಡೆಗೂ 3 ಅಡಿ 9 ಇಂಚು ಇದೆ. ಟೇಬಲ್‌ನ ಅಲ್ಲಿ ಹಾಕಿ, ಆದ್ರೆ ಓರೆ ಗೋಡೆ ಹತ್ತಿರ ಅಲ್ಲ, ಈ ಕಡೆಗೆ, ಮಂಚ ಮುಗಿಯೋ ಹತ್ರ. ಕಿಟಕಿ ಗೋಡೆಯಿಂದ ಐದೂವರೆ ಅಡಿಗೆ ಶುರುವಾಗಿ ಎಂಟೂವರೆಗೆ ಮುಗೀಲಿ, ಬಾತ್‌ರೂಮ್ ಮುಂದೆ ಎರಡೂವರೆ ಅಡಿ ಖಾಲಿ ಇರುತ್ತೆ. ಕುರ್ಚಿ ಹಿಂದಕ್ಕೆ ಎಳೆದಾಗ ಅಲ್ಲಿ ಮಂಚ ಮುಗಿದಿರೋದ್ರಿಂದ ಬೆನ್ನ ಹಿಂದೆ ಜಾಗ ಸಿಗುತ್ತೆ.

ಓರೆ ಗೋಡೆಗೆ ಕನ್ನಡಿ. ಕಿಟಕಿ ಪಕ್ಕದಲ್ಲೇ ಇರೋದ್ರಿಂದ ಕನ್ನಡಿ ಮುಂದೆ ನಿಂತವರ ಮುಖಕ್ಕೆ ಪಕ್ಕದಿಂದ ಬೆಳಕು ಬೀಳುತ್ತೆ, ತಲೆ ಬಾಚೋಕೆ, ಶೇವ್ ಮಾಡೋಕೆ ಅದಕ್ಕಿಂತ ಒಳ್ಳೆ ಜಾಗ ಆ ರೂಮಲ್ಲಿ ಇಲ್ಲ. ಕನ್ನಡಿ ಕೆಳಗೆ 9-10 ಇಂಚು ಆಳದ ಎರಡು ಡ್ರಾಯರ್, ಸಾಕು.

ಮರದಹೊಟ್ಟು:

ಗುಂಡುಮೊಳೆ ಅವರ ಪ್ಲ್ಯಾನ್ ಅಳತೆಗೆ ಸರಿ ಇದೆ, ಆದ್ರೆ ಅದರಲ್ಲಿ ಗೋಡೆ ಕಡೆ ಮಲಗೋರಿಗೆ ಇಳಿಯೋಕೆ ದಾರಿ ಇಲ್ಲ. ರಾತ್ರಿ ಏಳ್ಬೇಕು ಅಂದ್ರೆ ಪಕ್ಕದವರನ್ನ ದಾಟಬೇಕು ಇಲ್ಲ ಕಾಲಕಡೆಗೆ ಜಾರಬೇಕು. ವಯಸ್ಸಾದೋರು, ಮಂಡಿ ನೋವಿರೋರು, ಬಸುರಿ ಹೆಂಗಸರು ಇದ್ರೆ ಅದು ದಿನಾ ಕಷ್ಟ. ನಾನಾಗಿದ್ರೆ ಮಂಚನೇ 4 ಅಡಿಯದು ಮಾಡಿ ತಲೆ ಬಲಗೋಡೆಗೆ ಹಾಕ್ತಿದ್ದೆ. ಓರೆ ಗೋಡೆ ಮುಗಿದ ಜಾಗದಿಂದ 4 ಅಡಿ ಮಂಚಕ್ಕೆ ಹೋಗುತ್ತೆ, ವಾರ್ಡ್‌ರೋಬ್‌ಗೂ ಮಂಚಕ್ಕೂ 2 ಅಡಿ, ಕಿಟಕಿ ಕಡೆ 3 ಅಡಿ, ಎರಡೂ ಪಕ್ಕ ಇಳೀಬೋದು. ಕಾಲಹತ್ರ 3 ಅಡಿ, ಪಿಲ್ಲರ್ ಎದುರು 2 ಅಡಿ 3 ಇಂಚು, ಆರಾಮಾಗಿ ಓಡಾಡ್ಬೋದು. ಕಿಟಕಿ ಪೂರ್ತಿ ಖಾಲಿ ಇರುತ್ತೆ, ಗಾಳಿ ಬೆಳಕಿಗೆ ಅಡ್ಡಿ ಇಲ್ಲ. ಟೇಬಲ್ ಮಾತ್ರ ಗೋಡೆಗೆ ಮಡಚೋ ಥರದ್ದು ಬೇಕಾಗುತ್ತೆ.

ಗುಂಡುಮೊಳೆ:

ಒಪ್ತೀನಿ, ಇಬ್ಬರಿಗೂ ಇಳಿಯೋಕೆ ದಾರಿ ಸಿಗೋದು ದೊಡ್ಡ ವಿಷಯ. ಆದ್ರೆ 4 ಅಡಿ ಮಂಚದಲ್ಲಿ ಇಬ್ಬರು ದೊಡ್ಡೋರು ಅಂದ್ರೆ ಒಬ್ಬೊಬ್ಬರಿಗೆ 2 ಅಡಿ, ಸಿಂಗಲ್ ಮಂಚನೇ 3 ಅಡಿ ಇರುತ್ತೆ. ಹಗಲು ಓಡಾಡೋ ಜಾಗಕ್ಕೋಸ್ಕರ ರಾತ್ರಿ ನಿದ್ದೆ ಕೊಡೋದು ನನ್ನ ಲೆಕ್ಕದಲ್ಲಿ ಸರಿ ಹೋಗಲ್ಲ. ಬೇಗ ಏಳೋರು ಹೊರಪಕ್ಕ, ತಡವಾಗಿ ಏಳೋರು ಪಿಲ್ಲರ್ ಪಕ್ಕ ಮಲಗಿದ್ರೆ ಮುಕ್ಕಾಲು ತೊಂದರೆ ಅಲ್ಲೇ ಮುಗಿಯುತ್ತೆ. ಮನೇಲಿ ಯಾರಿಗಾದ್ರೂ ಮಂಡಿ, ಬೆನ್ನಿನ ತೊಂದರೆ ಇದ್ರೆ ಮಾತ್ರ ಮರದಹೊಟ್ಟು ಹೇಳಿದ್ದೇ ಸರಿ, ಆಗ ನಾನೂ ಅದನ್ನೇ ಹೇಳ್ತೀನಿ.

ಕಿಟಕಿಪಕ್ಕ:

ತಲೆ ಕಿಟಕಿ ಕೆಳಗೆ ಅಂದ್ರೆ ಎರಡು ಮೂರು ವಿಷಯ ನೋಡ್ಕೊಳ್ಳಿ. ಹೆಡ್‌ಬೋರ್ಡ್ 3 ಅಡಿಗಿಂತ ಕೆಳಗೇ ಇರ್ಬೇಕು, ಇಲ್ಲಾಂದ್ರೆ ಕಿಟಕಿಗೆ ಅಡ್ಡ ಬರುತ್ತೆ. ಕರ್ಟನ್ ನೆಲದವರೆಗೂ ಬಿಡ್ಬೇಡಿ, ಮಂಚದ ಹಿಂದೆ ಸಿಕ್ಕಿ ಧೂಳು ಕೂರುತ್ತೆ, ಕಿಟಕಿ ಅಂಚಿಗಿಂತ ನಾಲ್ಕು ಬೆರಳು ಕೆಳಗೆ ಬಂದ್ರೆ ಸಾಕು. ರೋಲರ್ ಬ್ಲೈಂಡ್ ಹಾಕಿದ್ರೆ ಇನ್ನೂ ಒಳ್ಳೇದು, ಆದ್ರೆ ಚಿಕ್ಕ ಮಕ್ಕಳಿರೋ ಮನೆ ಆದ್ರೆ ನೇತಾಡೋ ದಾರ ಇಲ್ಲದಿರೋದನ್ನೇ ತಗೊಳ್ಳಿ, ಮಂಚದ ಮೇಲೆ ಆಡ್ತಾ ಕುತ್ತಿಗೆಗೆ ಸುತ್ಕೊಳ್ಳುತ್ತೆ. ಮಕ್ಕಳಿದ್ರೆ ಕಿಟಕಿಗೆ ಗ್ರಿಲ್ ಇರಲೇಬೇಕು, ಮಂಚ ಅಲ್ಲಿಗೆ ಮೆಟ್ಟಿಲಾಗುತ್ತೆ.

ಆಮೇಲೆ ಓರೆ ಗೋಡೆ, ಕಿಟಕಿ ಗೋಡೆ ಹೊರಗಡೆ ಬಯಲಿಗೆ ಇರೋ ಗೋಡೆಗಳು ಆಗಿದ್ರೆ ಡ್ರಾಯರ್ ಆಗ್ಲಿ ಶೆಲ್ಫ್ ಆಗ್ಲಿ ಗೋಡೆಗೆ ಅಂಟಿಸಿ ಇಡ್ಬೇಡಿ, ಎರಡು ಇಂಚು ಗಾಳಿ ಆಡೋಕೆ ಬಿಡಿ. ಹೊರಗೋಡೆ ತಣ್ಣಗಾದಾಗ ಒಳಗಿನ ತೇವ ಅಲ್ಲೇ ಕೂರುತ್ತೆ, ಹಿಂದೆ ಬೂಷ್ಟು ಹಿಡಿದಿದ್ದು ಗೊತ್ತೇ ಆಗಲ್ಲ, ಬಟ್ಟೆ ವಾಸನೆ ಬಂದಾಗಲೇ ಗೊತ್ತಾಗೋದು.

ಓರೆಮೂಲೆ:

ಅಬ್ಬಾ, ಇಷ್ಟು ಬಿಡಿಸಿ ಹೇಳ್ತೀರ ಅಂತ ಅಂದ್ಕೊಂಡಿರ್ಲಿಲ್ಲ, ತುಂಬಾ ಖುಷಿ ಆಯ್ತು. ಮಂಡಿ ನೋವಿನೋರು ಯಾರೂ ಇಲ್ಲ, ಹಾಸಿಗೆನೂ ಕ್ವೀನ್ ಸೈಜಿದೇ ಇದೆ, ಹಾಗಾಗಿ ಕಿಟಕಿ ಕಡೆ ತಲೆ ಹಾಕೋ ಕಡೆಗೇ ಮನಸ್ಸು ವಾಲಿದೆ. ಇನ್ನೆರಡು ಡೌಟು. ಮಂಚದಲ್ಲಿ ಸ್ಟೋರೇಜ್ ಬೇಕು, ಡ್ರಾಯರ್ ಒಳ್ಳೇದಾ ಹೈಡ್ರಾಲಿಕ್ ಒಳ್ಳೇದಾ? ಮತ್ತೆ ಓರೆ ಗೋಡೆಗೆ ಡ್ರಾಯರ್ ಮಾಡ್ಸೋಕೆ ಅಳತೆ ಹೇಗೆ ತಗೊಳ್ಳೋದು?

ಮರದಹೊಟ್ಟು:

ಹೈಡ್ರಾಲಿಕ್ ಮಾಡ್ಸಿ. ಎಡಪಕ್ಕ ಪಿಲ್ಲರ್ ಇರೋದ್ರಿಂದ ಆ ಕಡೆ ಡ್ರಾಯರ್ ತೆಗೆಯೋಕೇ ಆಗಲ್ಲ, ಅರ್ಧ ಮಂಚ ದಂಡ. ಬಲಗಡೆನೂ ಟೇಬಲ್ ಎದುರು 25 ಇಂಚು ಮಾತ್ರ ಇರುತ್ತೆ, ಕುರ್ಚಿ ಅಡ್ಡ ಇದ್ರೆ ಅದೂ ಇಲ್ಲ. ಹೈಡ್ರಾಲಿಕ್ ಆದ್ರೆ ಕಾಲಕಡೆ ನಿಂತು ಎತ್ತೋದು, ಅಲ್ಲಿ ನಿಮಗೆ 27 ಇಂಚು ಇದೆ. ದಿನಾ ಬೇಕಾಗೋದನ್ನ ಮಾತ್ರ ಅದರೊಳಗೆ ಇಡ್ಬೇಡಿ, ಕಂಬಳಿ, ಸೂಟ್‌ಕೇಸು ಅಂಥದ್ದಕ್ಕೆ ಸರಿ.

ಓರೆ ಗೋಡೆ ಅಳತೆ ಟೇಪಲ್ಲಿ ಮಾತ್ರ ತಗೊಂಡ್ರೆ ಸಾಲದು. ಪ್ಲ್ಯಾಸ್ಟರ್ ಎಲ್ಲೂ ಒಂದೇ ಸಮ ಇರಲ್ಲ, ಕೆಳಗೆ, ಸೊಂಟದ ಎತ್ತರಕ್ಕೆ, ತಲೆ ಎತ್ತರಕ್ಕೆ ಮೂರು ಕಡೆ ಅಳೆದು ಅದರಲ್ಲಿ ಚಿಕ್ಕದನ್ನ ಇಟ್ಕೊಳ್ಳಿ. ಸ್ಕರ್ಟಿಂಗ್ ಮುಂದಕ್ಕೆ ಬಂದಿರುತ್ತೆ, ಅದನ್ನೂ ಕಳೀಬೇಕು. ಕೋನಕ್ಕೆ ಒಂದು ದಪ್ಪ ರಟ್ಟು ತಗೊಂಡು ಮೂಲೆಗೆ ಒತ್ತಿ ಹಿಡಿದು ಗೋಡೆ ಹೇಗಿದೆಯೋ ಹಾಗೇ ಕತ್ತರಿಸಿ, ಆ ರಟ್ಟನ್ನೇ ಕಾರ್ಪೆಂಟರ್ ಕೈಗೆ ಕೊಡಿ. 45 ಡಿಗ್ರಿ ಅಂತ ಬಾಯಲ್ಲಿ ಹೇಳಿದ್ರೆ ಆತ 45ಕ್ಕೇ ಕುಯ್ತಾನೆ, ಗೋಡೆ 43 ಇದ್ರೆ ಆಮೇಲೆ ಸಂದಿಗೆ ಪಟ್ಟಿ ಹೊಡೀಬೇಕಾಗುತ್ತೆ.

ಕೊಡುವ ಮುಂಚೆ ಒಂದು ಸಲ ಹಳೇ ನ್ಯೂಸ್‌ಪೇಪರ್ ಅಂಟಿಸಿ ಮಂಚ, ಟೇಬಲ್, ವಾರ್ಡ್‌ರೋಬ್ ಮೂರನ್ನೂ ನೆಲದ ಮೇಲೆ ಅಸಲಿ ಸೈಜಿಗೆ ಹಾಸಿ, ಮನೆಯವರೆಲ್ಲ ಎರಡು ದಿನ ಪೇಪರ್ ತುಳಿಯದೆ ಓಡಾಡಿ ನೋಡಿ. ಶಟರ್ ತೆಗೆದಾಗ ಎಲ್ಲಿವರೆಗೆ ಬರುತ್ತೆ ಅನ್ನೋದನ್ನೂ ಚಾಕ್‌ಪೀಸಲ್ಲಿ ಗೀಚಿ. ಹಾಳೆ ಮೇಲೆ ಸರಿ ಕಂಡಿದ್ದು ಕಾಲಿಗೆ ಸರಿ ಅನ್ಸುತ್ತೋ ಇಲ್ವೋ ಅಲ್ಲೇ ಗೊತ್ತಾಗುತ್ತೆ.

ಗುಂಡುಮೊಳೆ:

ಒಂದು ಮುಖ್ಯ ವಿಷಯ ಯಾರೂ ಹೇಳಿಲ್ಲ. ಸಾಮಾನು ಒಳಗೆ ತರುವಾಗ ವಾರ್ಡ್‌ರೋಬ್ ಮೊದಲು, ಮಂಚ ಆಮೇಲೆ. 7 ಅಡಿ ಎತ್ತರ 2 ಅಡಿ ಆಳದ ಬೀರುನ ಮಲಗಿಸಿ ತಂದು ಎತ್ತಿ ನಿಲ್ಲಿಸುವಾಗ ಅದರ ಮೂಲೆಯಿಂದ ಮೂಲೆಗೆ 7 ಅಡಿ ಮೂರೂವರೆ ಇಂಚು ಎತ್ತರ ಬೇಕು. ನಿಮ್ಮ ಲಾಫ್ಟ್ 7 ಅಡಿ 3 ಇಂಚು. ಲಾಫ್ಟ್ ಕೆಳಗೇ ಎತ್ತೋಕೆ ಹೋದ್ರೆ ಅರ್ಧ ಇಂಚಿಗೆ ಸಿಕ್ಕಿ ಹಾಕ್ಕೊಳ್ಳುತ್ತೆ, ಪ್ಲ್ಯಾಸ್ಟರ್ ಕಿತ್ತು ಬರುತ್ತೆ. ರೂಮು ಖಾಲಿ ಇರುವಾಗ ನಡುವೆ ಫ್ಯಾನ್ ತಪ್ಪಿಸಿ ನಿಲ್ಲಿಸಿ, ಕೆಳಗೆ ಹಳೇ ಕಂಬಳಿ ಹಾಕಿ ನಿಧಾನಕ್ಕೆ ಜಾರಿಸಿ ಒಳಗೆ ತಳ್ಳಿ. ಕೂತ ಮೇಲೆ ಗೋಡೆಗೆ ಎಲ್ ಕ್ಲ್ಯಾಂಪ್ ಹಾಕಿಸೋದು ಮರೀಬೇಡಿ, ಎರಡು ಶಟರೂ ಒಟ್ಟಿಗೆ ತೆಗೆದು ಮಗು ಜೋತು ಬಿದ್ರೆ ಅಷ್ಟೆತ್ತರದ ಬೀರು ಮುಂದಕ್ಕೆ ಬರುತ್ತೆ.

ಪ್ಲಗ್ ಪಾಯಿಂಟ್ ಎಲ್ಲೆಲ್ಲಿದೆ ಅದನ್ನೂ ಹೇಳಿ. ಆ 9 ಇಂಚಿನ ಹಲಗೆ ಹತ್ತಿರ ಒಂದು, ಟೇಬಲ್ ಹತ್ತಿರ ಒಂದು ಬೇಕೇ ಬೇಕು. ಹಾಸಿಗೆ ಕೆಳಗೆ ಎಕ್ಸ್‌ಟೆನ್ಶನ್ ವೈರ್ ಎಳೆಯೋದು ಮಾತ್ರ ಬೇಡ, ಬಿಸಿ ಆಗುತ್ತೆ.

ಓರೆಮೂಲೆ:

ಪ್ಲಗ್ ಪಾಯಿಂಟ್ ಒಂದು ಪಿಲ್ಲರ್ ಪಕ್ಕದಲ್ಲೇ ಗುಳಿ ಒಳಗಿದೆ, ಇನ್ನೊಂದು ಬಲಗೋಡೇಲಿ ಬಾತ್‌ರೂಮ್ ಬಾಗಿಲ ಕಡೆಗೆ. ಎರಡೂ ಸರಿಯಾಗೇ ಬರುತ್ತೆ ಅನ್ಸುತ್ತೆ. ನಾಳೆ ನ್ಯೂಸ್‌ಪೇಪರ್ ಹಾಸ್ತೀನಿ, ಹಾಸಿ ಫೋಟೋ ಹಾಕ್ತೀನಿ, ಆ ಟೇಬಲ್ ಹತ್ರದ 25 ಇಂಚು ಸಾಕಾಗುತ್ತಾ ಇಲ್ವಾ ಅಂತ ಅದನ್ನ ನೋಡಿ ಹೇಳಿ.

ಕಿಟಕಿಪಕ್ಕ:

ಫೋಟೋ ಬಾಗಿಲಿಂದ ಒಂದು, ಓರೆ ಗೋಡೆಗೆ ಬೆನ್ನು ಕೊಟ್ಟು ಒಂದು ತೆಗೀರಿ. ಕುರ್ಚಿನ ಎಳೆದು ಕೂತಿರೋ ಹಾಗೇ ಇಡಿ, ಒಳಗೆ ತಳ್ಳಿ ತೆಗೀಬೇಡಿ, ಜಾಗ ಸಾಲುತ್ತೋ ಇಲ್ವೋ ಆಗಲೇ ಗೊತ್ತಾಗೋದು.